ಹೌದು ಅಂತ ಟಿಕ್ ಮಾಡಿದರೆ ಏನಾಗುತ್ತೆ?

ಕ್ರೂಸ್ ಹಡಗಿನ ಗೆಸ್ಟ್ ಸರ್ವಿಸಸ್ ಡೆಸ್ಕ್‌ನಲ್ಲಿ ನನ್ನ ಕೆಲಸ. ಬಿಲ್ಲಿನ ತಕರಾರು, ಕಳೆದುಹೋದ ಕೀ ಕಾರ್ಡ್, ಪಕ್ಕದ ಕ್ಯಾಬಿನ್‌ನವರ ಗಲಾಟೆ, ಏನೇ ಇದ್ದರೂ ಜನ ಮೊದಲು ಬರುವುದು ನಮ್ಮ ಹತ್ತಿರ. ಹಡಗು ಹೊರಡುವ ದಿನ ಕೆಲವೊಮ್ಮೆ ಟರ್ಮಿನಲ್‌ನ ಚೆಕ್-ಇನ್‌ಗೂ ಹಾಕುತ್ತಾರೆ. ಅಲ್ಲಿ ಹತ್ತುವ ಪ್ರತಿಯೊಬ್ಬರೂ ಒಂದು ಆರೋಗ್ಯ ಫಾರಂ ತುಂಬಬೇಕು. ಜ್ವರ ಇದೆಯಾ, ಕೆಮ್ಮು ಇದೆಯಾ, ವಾಂತಿ ಭೇದಿ ಆಗಿದೆಯಾ, ಇಂಥ ನಾಲ್ಕಾರು ಪ್ರಶ್ನೆ. ಕೋವಿಡ್‌ಗೂ ಮುಂಚೆಯೇ ಇದ್ದ ಪದ್ಧತಿ ಇದು. ಆಗ ನಮಗೆ ದೊಡ್ಡ ತಲೆನೋವು ಅಂದರೆ ವಾಂತಿ ಭೇದಿ ತರುವ ನೊರೊವೈರಸ್.

ಆ ಫಾರಂ ತುಂಬುವಾಗ ಜನರ ಕೈ ನೋಡಬೇಕು. ಪ್ರಶ್ನೆ ಓದುವವರೇ ಕಡಿಮೆ. 'ಇಲ್ಲ' ಅನ್ನುವ ಕಾಲಂನಲ್ಲಿ ಮೇಲಿಂದ ಕೆಳಗೆ ಸರಸರ ಟಿಕ್ ಹಾಕಿಕೊಂಡು ಹೋಗುತ್ತಾರೆ. ಕೆಲವರು ಅಷ್ಟೂ ಮಾಡುವುದಿಲ್ಲ, ಒಂದೇ ಉದ್ದ ಗೆರೆ ಎಳೆದುಬಿಡುತ್ತಾರೆ. ಗಂಡನ ಫಾರಂ ಹೆಂಡತಿ ತುಂಬುತ್ತಿರುತ್ತಾರೆ, ಗಂಡ ಪಕ್ಕಕ್ಕೆ ತಿರುಗಿ ಕರವಸ್ತ್ರದಲ್ಲಿ ಕೆಮ್ಮುತ್ತಿರುತ್ತಾರೆ. ಅಪರೂಪಕ್ಕೆ ಒಬ್ಬರು ಪೆನ್ನು ನಿಲ್ಲಿಸಿ, ತಲೆ ಎತ್ತಿ, ಮೆಲ್ಲಗೆ ಕೇಳುತ್ತಾರೆ: "ಹೌದು ಅಂತ ಹಾಕಿದರೆ ಏನಾಗುತ್ತೆ?"

ಸಾಂಕ್ರಾಮಿಕದ ವರ್ಷಗಳಲ್ಲಿ ಈ ಉದ್ಯಮದಲ್ಲಿ ನಾನು ಕಂಡದ್ದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಪ್ರಯಾಣಿಕರು ಕೇಳಿದರು, ಸಿಬ್ಬಂದಿ ಕೇಳಿಕೊಂಡರು, ಹಡಗುಗಳೂ ಕೇಳಿಕೊಂಡವು, ಕೊನೆಗೆ ಕಂಪನಿಯ ದೊಡ್ಡವರೂ ಕೇಳಿಕೊಂಡರು.

2020ರ ಶುರುವಿನವರೆಗೂ ಪ್ರಯಾಣಿಕರಿಗೆ ಸಿಗುತ್ತಿದ್ದ ಉತ್ತರ ಏನು? ಹೌದು ಅಂದರೆ ಪಕ್ಕಕ್ಕೆ ಕರೆದು ವಿಚಾರಿಸುತ್ತಾರೆ, ಬೇಕಾದರೆ ಹತ್ತಿಸದೆ ವಾಪಸ್ ಕಳಿಸಬಹುದು. ದುಡ್ಡು? ಹೊರಡುವ ಕೊನೆಯ ಎರಡು ವಾರದೊಳಗೆ ರದ್ದು ಮಾಡಿದರೆ ಬಹಳಷ್ಟು ಕಂಪನಿಗಳಲ್ಲಿ ಪೂರ್ತಿ ಹಣ ಹೋದ ಹಾಗೇ. ವರ್ಷಗಟ್ಟಲೆ ಉಳಿಸಿ, ರಜೆ ಹೊಂದಿಸಿ, ವಿಮಾನದಲ್ಲಿ ಬಂದು ಬಂದರು ಮುಟ್ಟಿದ ಮೇಲೆ "ನನಗೆ ನಿನ್ನೆಯಿಂದ ಮೈ ಬಿಸಿ ಇದೆ" ಅಂತ ಯಾರು ಹೇಳುತ್ತಾರೆ? ಜನ ಕೆಟ್ಟವರಲ್ಲ. ನಿಜ ಹೇಳುವುದು ದುಬಾರಿ ಆಗಿತ್ತು, ಅಷ್ಟೇ.

ಉದ್ಯಮಕ್ಕೆ ಇದು ಗೊತ್ತಾಗಿದ್ದು ಬಿಸಿ ತಟ್ಟಿದ ಮೇಲೆ. 2020ರ ಮಾರ್ಚ್ ಮೊದಲ ವಾರದಲ್ಲಿ ರಾಯಲ್ ಕೆರಿಬಿಯನ್ ಅನ್ನುವ ದೊಡ್ಡ ಕ್ರೂಸ್ ಕಂಪನಿ, ಹೊರಡುವ 48 ಗಂಟೆ ಮುಂಚಿನವರೆಗೂ ರದ್ದು ಮಾಡಬಹುದು, ಆ ಹಣ ಮುಂದಿನ ಪ್ರಯಾಣಕ್ಕೆ ಜಮಾ ಆಗುತ್ತದೆ ಅಂತ ಹೇಳಿತು. ಉಳಿದವರೂ ಹಿಂದೆಯೇ ಬಂದರು. ಒಂದು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 13ಕ್ಕೆ, ಉದ್ಯಮದ ಒಕ್ಕೂಟ ಅಮೆರಿಕದ ಬಂದರುಗಳಿಂದ ಪ್ರಯಾಣ ನಿಲ್ಲಿಸುವುದಾಗಿ ಹೇಳಿತು. ಮಾರನೇ ದಿನ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 'ನೋ ಸೇಲ್' ಆದೇಶ ಬಂತು, ಅಂದರೆ ಹಡಗು ಹೊರಡಬಾರದು ಅಂತ. ಅಷ್ಟು ಹೊತ್ತಿಗೆ ಎಷ್ಟೋ ಹಡಗುಗಳು ನಡುನೀರಿನಲ್ಲಿ ಇದ್ದವು.

ಇನ್ನು ಹಡಗುಗಳ ಸರದಿ. ಯಾವುದೇ ಹಡಗು ಬಂದರಿಗೆ ಬರುವಾಗ ಒಳಗೆ ಎಷ್ಟು ಜನಕ್ಕೆ ಹುಷಾರಿಲ್ಲ ಅಂತ ಬರೆದುಕೊಡಬೇಕು. ಅದೇ ವರ್ಷ ಫೆಬ್ರವರಿಯಲ್ಲಿ ನಡೆದ ವೆಸ್ಟರ್‌ಡಾಮ್ ಹಡಗಿನ ಕಥೆ ನೋಡಿ. ಒಳಗೆ ದೃಢಪಟ್ಟ ಒಂದೂ ಪ್ರಕರಣ ಇರಲಿಲ್ಲ. ಆದರೂ ಫಿಲಿಪೈನ್ಸ್, ತೈವಾನ್, ಜಪಾನ್, ಗುವಾಮ್, ಥಾಯ್ಲೆಂಡ್ ಎಲ್ಲ ಕಡೆ ಬಾಗಿಲು ಮುಚ್ಚಿತ್ತು. ಕೊನೆಗೆ ಫೆಬ್ರವರಿ 13ರಂದು ಕಾಂಬೋಡಿಯಾದ ಸಿಹಾನೂಕ್‌ವಿಲ್ ಒಳಗೆ ಬಿಟ್ಟುಕೊಂಡಿತು. ರೋಗಿಗಳೇ ಇಲ್ಲದ ಹಡಗಿಗೆ ಈ ಗತಿ ಅಂದರೆ, "ನಮ್ಮಲ್ಲಿ ಇದ್ದಾರೆ" ಅನ್ನುವ ಹಡಗಿನ ಪಾಡೇನು? ಅದನ್ನು ಮಾರ್ಚ್‌ನಲ್ಲಿ ಜಾಂಡಮ್ ತೋರಿಸಿತು. ಬ್ಯೂನಸ್ ಐರಿಸ್‌ನಿಂದ ಹೊರಟ ಹಡಗು, ದಕ್ಷಿಣ ಅಮೆರಿಕದ ಬಂದರುಗಳೆಲ್ಲ ಬೇಡ ಅಂದವು, ನಾಲ್ಕು ಜನ ಹಡಗಿನಲ್ಲೇ ತೀರಿಕೊಂಡರು. ಪನಾಮಾ ಹತ್ತಿರ ರಾಟರ್‌ಡ್ಯಾಮ್ ಅನ್ನುವ ಇನ್ನೊಂದು ಹಡಗು ಬಂದು ಹುಷಾರಾಗಿದ್ದವರನ್ನು ಹತ್ತಿಸಿಕೊಂಡಿತು. ಫ್ಲಾರಿಡಾದ ದಡ ಮುಟ್ಟಿದ್ದು ಏಪ್ರಿಲ್ 2ಕ್ಕೆ.

ಇದರ ಇನ್ನೊಂದು ಮುಖ ಸಿಡ್ನಿಯ ರೂಬಿ ಪ್ರಿನ್ಸೆಸ್. ಮಾರ್ಚ್ 19ರಂದು 2,600ಕ್ಕೂ ಹೆಚ್ಚು ಪ್ರಯಾಣಿಕರು ಸೀದಾ ಇಳಿದು ಮನೆಗಳಿಗೆ ಹೋದರು. ಹಡಗಿನಲ್ಲಿ ತೆಗೆದ ಸ್ವಾಬ್‌ಗಳ ಫಲಿತಾಂಶ ಇನ್ನೂ ಬಂದಿರಲಿಲ್ಲ. ರಾಜ್ಯದ ಆರೋಗ್ಯ ಇಲಾಖೆ ಹಡಗನ್ನು ಕಡಿಮೆ ಅಪಾಯದ್ದು ಅಂತ ಪರಿಗಣಿಸಿತ್ತು. ಆ ಹಡಗಿನ ಸೋಂಕಿಗೆ ತಳಕು ಹಾಕಿದ ಸಾವು 28. ಆಮೇಲೆ ನಡೆದ ವಿಚಾರಣೆ ಆರೋಗ್ಯ ಇಲಾಖೆಯದ್ದು ಗಂಭೀರ ತಪ್ಪು ಅಂದಿತು. ಒಂದು ಕಡೆ ಯಾರನ್ನೂ ಇಳಿಸದ ಬಂದರು, ಇನ್ನೊಂದು ಕಡೆ ಕೇಳದೇ ಎಲ್ಲರನ್ನೂ ಇಳಿಸಿದ ಬಂದರು. ನಡುವಿನ ದಾರಿ ಆಗ ಯಾರ ಹತ್ತಿರವೂ ಇದ್ದಂತೆ ಕಾಣಲಿಲ್ಲ.

ನಮ್ಮ ಹಡಗಿನ ವಿಷಯಕ್ಕೆ ಬಂದರೆ, ಪ್ರಯಾಣಿಕರು ಇಳಿದ ಮೇಲೆ ನಾವು ಉಳಿದೆವು. ಸಿಡಿಸಿ ಲೆಕ್ಕದ ಪ್ರಕಾರ ಆ ಏಪ್ರಿಲ್‌ನಲ್ಲಿ ಅಮೆರಿಕದ ಕರಾವಳಿಯಾಚೆ ಸುಮಾರು 100 ಕ್ರೂಸ್ ಹಡಗುಗಳಲ್ಲಿ ಹತ್ತಿರ ಹತ್ತಿರ 80,000 ಸಿಬ್ಬಂದಿ ಇದ್ದರು. ನೀರಿನ ಮಟ್ಟಕ್ಕಿಂತ ಕೆಳಗಿನ ಡೆಕ್‌ನ ಇಬ್ಬರ ಕ್ಯಾಬಿನ್‌ನಿಂದ ನಮ್ಮನ್ನು ಪ್ರಯಾಣಿಕರ ಕ್ಯಾಬಿನ್‌ಗಳಿಗೆ ಕಳಿಸಿದರು, ಒಬ್ಬೊಬ್ಬರಿಗೆ ಒಂದೊಂದು. ಬಾಲ್ಕನಿ ಇರುವ ರೂಮು! ಮೊದಲ ಎರಡು ದಿನ ಎಲ್ಲರೂ ಫೋಟೊ ತೆಗೆದುಕೊಂಡರು. ಆಮೇಲೆ ಆ ಬಾಲ್ಕನಿಯೇ ಬೇಜಾರು ಹಿಡಿಸಿತು.

ಹಾಗೆ ಪ್ರಯಾಣಿಕರ ಕ್ಯಾಬಿನ್‌ಗಳಿಗೆ ಕಳಿಸುವ ಮುಂಚೆ ದಿನಕ್ಕೆರಡು ಸಲ ಹಣೆಗೆ ಥರ್ಮಾಮೀಟರ್ ಹಿಡಿಯುತ್ತಿದ್ದರು. ಸಾಲಿನಲ್ಲಿ ನಿಂತಾಗ ಒಬ್ಬ ರೂಮ್ ಅಟೆಂಡೆಂಟ್ ಹುಡುಗ ಕ್ರೂ ಮೆಸ್‌ನ ನೀರಿನ ಯಂತ್ರದ ಹತ್ತಿರ ಮಾತ್ರೆ ನುಂಗಿದ್ದನ್ನು ಕಂಡೆ. ಪ್ಯಾರಾಸಿಟಮಾಲ್. ನುಂಗಿ, ಒಂದಿಷ್ಟು ಹೊತ್ತು ಬಿಟ್ಟು ಸಾಲಿಗೆ ಬಂದ. ಥರ್ಮಾಮೀಟರ್ ಹಸಿರು ತೋರಿಸಿತು, ಅಷ್ಟೇ. ಅವನನ್ನು ಕೇಳಿದರೆ ಹೇಳಿದ: "ಸಿಕ್ ಅಂತ ಬರೆಸಿದರೆ ಮುಂದಿನ ಕಾಂಟ್ರ್ಯಾಕ್ಟ್‌ಗೆ ಕರೀತಾರೋ ಇಲ್ಲವೋ." ಮಾಮೂಲು ದಿನಗಳಲ್ಲೂ ಇದೇ ಲೆಕ್ಕ. ಹುಷಾರಿಲ್ಲ ಅಂತ ಮಲಗಿದರೆ ಮೂಲ ಸಂಬಳ ಬರಬಹುದು, ಟಿಪ್ಸ್ ಬರುವುದಿಲ್ಲ. ವೇಟರ್‌ಗಳಿಗೂ ರೂಮ್ ಅಟೆಂಡೆಂಟ್‌ಗಳಿಗೂ ಟಿಪ್ಸ್ ಅಂದರೆ ಗಳಿಕೆಯ ದೊಡ್ಡ ಪಾಲು. ಅವರು ಎಷ್ಟು ಕ್ಯಾಬಿನ್ ಒಳಗೆ ಹೋಗಿ ಬರುತ್ತಾರೆ ಅಂತ ಯೋಚಿಸಿ ಒಂದು ಸಲ.

ಸಿಬ್ಬಂದಿಯನ್ನು ಮನೆಗೆ ಕಳಿಸುವಾಗ ಕಂಪನಿಗಳದ್ದೂ ಇದೇ ಹಾಡು. ನಮ್ಮನ್ನು ಮಾಮೂಲಿ ವಿಮಾನದಲ್ಲಾಗಲಿ ಸಾರ್ವಜನಿಕ ಬಸ್ಸಿನಲ್ಲಾಗಲಿ ಕಳಿಸುವುದಿಲ್ಲ ಅಂತ ಕಂಪನಿಯ ಹಿರಿಯ ಅಧಿಕಾರಿಗಳು ಸಹಿ ಹಾಕಬೇಕು, ತಪ್ಪಿದರೆ ಕಾನೂನು ಕ್ರಮ ಅಂತ ಸಿಡಿಸಿ ಷರತ್ತು ಹಾಕಿತು. ಆ ಸಹಿಗೆ ಮೇಲಿನವರು ಹಿಂದೆ ಮುಂದೆ ನೋಡಿದರು. ನಾವು ಕೆಳಗೆ ಕೂತು ಕಾದೆವು. ಫಾರಂ ಮುಂದೆ ಪೆನ್ನು ನಿಲ್ಲಿಸುವುದು ಪ್ರಯಾಣಿಕರಷ್ಟೇ ಅಲ್ಲ ಅಂತ ನನಗೆ ಆಗ ಅನ್ನಿಸಿತು. ಕೊನೆಗೆ ಕೆಲವು ಕಂಪನಿಗಳು ಹಡಗುಗಳನ್ನೇ ಬಸ್ಸಿನ ಹಾಗೆ ಬಳಸಿ, ದೇಶದಿಂದ ದೇಶಕ್ಕೆ ಸಿಬ್ಬಂದಿಯನ್ನು ಇಳಿಸುತ್ತಾ ಹೋದವು.

ಎಲ್ಲರೂ ನಿಜ ಹೇಳಿದರೂ ಫಾರಂ ಎಲ್ಲವನ್ನೂ ಹಿಡಿಯುವುದಿಲ್ಲ, ಅದೂ ನಿಜ. ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ ಇದ್ದ 3,711 ಜನರಲ್ಲಿ 712 ಜನಕ್ಕೆ ಸೋಂಕು ಬಂತು. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಪರೀಕ್ಷೆ ಮಾಡಿದಾಗ ಯಾವ ಲಕ್ಷಣವೂ ಇರಲಿಲ್ಲ. ಪ್ರಯಾಣಿಕರು ಕ್ಯಾಬಿನ್ ಒಳಗೆ, ಅವರಿಗೆ ಊಟ ಕೊಡುವ ಸಿಬ್ಬಂದಿ ಮಾತ್ರ ಒಂದೇ ಕ್ಯಾಬಿನ್ ಹಂಚಿಕೊಂಡು, ಒಂದೇ ಮೆಸ್‌ನಲ್ಲಿ ಉಣ್ಣುತ್ತಾ ಇದ್ದರು. ಅಲ್ಲಿಗೆ ಪರೀಕ್ಷೆ ಬೇಕು, ಗಾಳಿ ಬೇಕು, ಪ್ರತ್ಯೇಕ ರೂಮು ಬೇಕು. ನಾನು ಹೇಳುತ್ತಿರುವುದು ಬಾಯಿಬಿಟ್ಟು ಹೇಳಬಹುದಾದವರ ವಿಷಯ.

ಯುರೋಪಿನಲ್ಲಿ ಪ್ರಯಾಣ ಬೇಗ ಮತ್ತೆ ಶುರುವಾಯಿತು. ಶುರುವಿನಲ್ಲೇ ಒಂದು ಎಡವಟ್ಟು. ನಾರ್ವೆಯ ರೋಲ್ಡ್ ಅಮುಂಡ್ಸನ್ ಹಡಗಿನಲ್ಲಿ ಹಿಂದಿನ ಟ್ರಿಪ್ ಮುಗಿಸಿ ಇಳಿದಿದ್ದ ಒಬ್ಬ ಪ್ರಯಾಣಿಕರಿಗೆ ಸೋಂಕು ಇರುವುದು 2020ರ ಜುಲೈ ಕೊನೆಯಲ್ಲೇ ಕಂಪನಿಗೆ ಗೊತ್ತಾಗಿತ್ತು. ಉಳಿದ ಪ್ರಯಾಣಿಕರಿಗೆ ಕೂಡಲೇ ತಿಳಿಸಲಿಲ್ಲ. ಅವರು ಇಳಿದು ಊರೂರಿಗೆ ಹೋದರು. ಸೋಂಕಿತರು ಹತ್ತಾರು ಜನ ಆದರು. ಕಂಪನಿ ತನ್ನ ಒಳಗಿನ ವ್ಯವಸ್ಥೆ ಕೈಕೊಟ್ಟಿದೆ ಅಂತ ಒಪ್ಪಿಕೊಂಡಿತು.

ಎರಡೇ ವಾರಕ್ಕೆ, ಆಗಸ್ಟ್ 16ರಂದು, ಇಟಲಿಯ ಜಿನೋವಾದಿಂದ ಎಂಎಸ್‌ಸಿ ಗ್ರಾಂಡಿಯೋಸಾ ಹಡಗು ಹೊರಟಿತು. ಹತ್ತುವ ಮುಂಚೆ ಎಲ್ಲರಿಗೂ ಪರೀಕ್ಷೆ. ಊರು ನೋಡುವುದಿದ್ದರೆ ಕಂಪನಿಯ ಗುಂಪಿನ ಜೊತೆಗೇ. ಒಂದು ಕುಟುಂಬ ಗುಂಪು ಬಿಟ್ಟು ತಮ್ಮ ಪಾಡಿಗೆ ಸುತ್ತಲು ಹೋಯಿತು, ಅವರನ್ನು ವಾಪಸ್ ಹತ್ತಿಸಿಕೊಳ್ಳಲೇ ಇಲ್ಲ. ಆಗ ಬಹಳ ಜನ ಇದು ಜಾಸ್ತಿ ಆಯಿತು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ನಿಯಮ ಮುರಿದರೆ ಶಿಕ್ಷೆ ಇರಲಿ, ಮೊದಲೇ ಹೇಳಿದ್ದಾರಲ್ಲ. ಜ್ವರ ಬಂದಿದ್ದಕ್ಕೆ ಮಾತ್ರ ಶಿಕ್ಷೆ ಬೇಡ. ಮುಂಚೆ ನಮ್ಮಲ್ಲಿ ನಡೆಯುತ್ತಿದ್ದುದು ಇದರ ಉಲ್ಟಾ. ಸುಳ್ಳು ಹೇಳಿದವರು ಹಾಯಾಗಿ ಹತ್ತುತ್ತಿದ್ದರು, ನಿಜ ಹೇಳಿದವರು ದುಡ್ಡು ಕಳೆದುಕೊಂಡು ಮನೆಗೆ ಹೋಗುತ್ತಿದ್ದರು.

ಆ ಡಿಸೆಂಬರ್‌ನಲ್ಲಿ ಸಿಂಗಪುರದ ಕ್ವಾಂಟಮ್ ಆಫ್ ದ ಸೀಸ್ ಹಡಗಿನಲ್ಲಿ 83 ವರ್ಷದ ಪ್ರಯಾಣಿಕರೊಬ್ಬರು ಭೇದಿ ಅಂತ ಮೆಡಿಕಲ್ ಸೆಂಟರ್‌ಗೆ ಹೋದರು. ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಹಡಗು ಬೇಗನೇ ಬಂದರಿಗೆ ತಿರುಗಿತು, ಎಲ್ಲರೂ ಗಂಟೆಗಟ್ಟಲೆ ಕ್ಯಾಬಿನ್‌ನಲ್ಲೇ ಕೂತರು. ಆಮೇಲೆ ಮತ್ತೆ ಪರೀಕ್ಷೆ ಮಾಡಿದರೆ ನೆಗೆಟಿವ್! ಸುಮ್ನೆ ಗಾಬರಿ ಅಂತ ನಕ್ಕವರಿದ್ದಾರೆ. ಆ ಹಿರಿಯರು ತಾವಾಗಿಯೇ ಹೋಗಿ ಹೇಳಿದರಲ್ಲ, ನನಗೆ ಮುಖ್ಯ ಅನ್ನಿಸಿದ್ದು ಅದು.

ಅಮೆರಿಕದ ಬಂದರಿನಿಂದ ಪ್ರಯಾಣಿಕರ ಜೊತೆ ಮತ್ತೆ ಹೊರಟ ಮೊದಲ ದೊಡ್ಡ ಹಡಗು ಸೆಲೆಬ್ರಿಟಿ ಎಡ್ಜ್, 2021ರ ಜೂನ್ 26ಕ್ಕೆ. ನಾನೂ ಆ ವರ್ಷವೇ ಮತ್ತೆ ಹಡಗಿನ ಕೆಲಸಕ್ಕೆ ಸೈನ್-ಆನ್ ಮಾಡಿದೆ. ಹಡಗು ಬದಲಾಗಿತ್ತು. ಬಫೆಯಲ್ಲಿ ಸೌಟು ಸಿಬ್ಬಂದಿಯ ಕೈಗೆ ಬಂದಿತ್ತು. ಮಸ್ಟರ್ ಡ್ರಿಲ್‌ಗೆ, ಅಂದರೆ ಅಪಾಯ ಬಂದಾಗ ಎಲ್ಲಿ ಸೇರಬೇಕು ಅನ್ನುವ ತಾಲೀಮಿಗೆ, ಎಲ್ಲರನ್ನೂ ಒಂದೇ ಕಡೆ ಗುಂಪು ಹಾಕುವುದು ಹೋಗಿ, ಫೋನ್‌ನಲ್ಲಿ ವಿಡಿಯೊ ನೋಡಿ ತಮ್ಮ ಜಾಗಕ್ಕೆ ಹೋಗಿ ಮುಖ ತೋರಿಸಿದರೆ ಸಾಕಿತ್ತು. ಇದೊಂದು ಮಾತ್ರ ಎಲ್ಲರಿಗೂ ಇಷ್ಟ ಆಯಿತು! ಆದರೆ ನನ್ನ ಡೆಸ್ಕ್‌ಗೆ ಮುಖ್ಯ ಬದಲಾವಣೆ ಒಂದು ಹಾಳೆಯಲ್ಲಿತ್ತು. ಪಾಸಿಟಿವ್ ಬಂದು ಹತ್ತಲು ಆಗದಿದ್ದರೆ ಹಣ ವಾಪಸ್. ಹಡಗಿನಲ್ಲಿ ಬಂದರೆ ಕೋವಿಡ್ ಚಿಕಿತ್ಸೆಗೆ ಬಿಲ್ ಇಲ್ಲ, ಪ್ರತ್ಯೇಕ ಕ್ಯಾಬಿನ್‌ಗೆ ದುಡ್ಡಿಲ್ಲ, ಉಳಿದ ದಿನಗಳ ಹಣ ವಾಪಸ್. ಎಲ್ಲ ಕಂಪನಿಗಳದ್ದೂ ಒಂದೇ ಥರ ಇರಲಿಲ್ಲ, ನಮ್ಮದು ಹೀಗಿತ್ತು.

ಒಮಿಕ್ರಾನ್ ಬಂದಾಗ ಆ ಹಾಳೆಯ ಬೆಲೆ ಗೊತ್ತಾಯಿತು. ಐಸೋಲೇಷನ್ ಕ್ಯಾಬಿನ್‌ಗಳಿಗೆ ಫೋನ್ ಮಾಡಿ ಯಾರ ಜೊತೆ ಕೂತಿದ್ದಿರಿ, ಎಲ್ಲಿ ಊಟ ಮಾಡಿದಿರಿ ಅಂತ ಕೇಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಒಬ್ಬ ಹಿರಿಯ ಮಹಿಳೆ ಮೊದಲು ಖಡಾಖಂಡಿತ ಹೇಳಿದರು, "ಯಾರ ಜೊತೆಗೂ ಇರಲಿಲ್ಲ." ಆದರೆ ಅವರ ಅಕೌಂಟ್ ನನ್ನ ಮುಂದಿನ ಪರದೆಯಲ್ಲೇ ಇತ್ತು, ಎರಡು ರಾತ್ರಿ ಐದು ಜನರ ಟೇಬಲ್‌ಗೆ ವೈನ್ ಬಾಟಲಿ ತರಿಸಿದ್ದರು. ನಾನು ಅದನ್ನು ಎತ್ತಲಿಲ್ಲ. "ಅವರಿಗೆ ಏನಾಗುತ್ತೆ ಅಂತ ಮೊದಲು ಹೇಳುತ್ತೇನೆ ಮೇಡಂ" ಅಂದೆ. ಕ್ಯಾಬಿನ್‌ನಲ್ಲೇ ಪರೀಕ್ಷೆ, ನೆಗೆಟಿವ್ ಬಂದರೆ ಹೊರಗೆ, ಯಾವ ಬಿಲ್ಲೂ ಇಲ್ಲ, ಯಾರ ಹೆಸರೂ ಹೇಳುವುದಿಲ್ಲ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ನಾಲ್ಕು ಜನರ ಹೆಸರು, ಎರಡು ಕ್ಯಾಬಿನ್ ನಂಬರ್, ಸಂಜೆ ಕ್ವಿಜ್‌ನಲ್ಲಿ ಪಕ್ಕ ಕೂತವರು, ಎಲ್ಲ ಬಂತು. ಅವರು ತಮಗೋಸ್ಕರ ಸುಳ್ಳು ಹೇಳಿರಲಿಲ್ಲ. ಹೊಸದಾಗಿ ಸಿಕ್ಕಿದ ಸ್ನೇಹಿತರ ರಜೆ ತನ್ನಿಂದ ಹಾಳಾಗಬಾರದು ಅಂತ ಹೇಳಿದ್ದರು.

ಅಂದಿನಿಂದ ಹೊಸಬರಿಗೆ ಡೆಸ್ಕ್ ಕೆಲಸ ಕಲಿಸುವಾಗ ಒಂದು ಪಾಠ ಗಟ್ಟಿ ಮಾಡಿಸುತ್ತೇನೆ. ಪ್ರಶ್ನೆ ಕೇಳುವ ಮೊದಲು ಹೌದು ಅಂದರೆ ಏನಾಗುತ್ತೆ ಅಂತ ಹೇಳಿ. ಅವರೇ ಕೇಳಲಿ ಅಂತ ಕಾಯಬೇಡಿ, ಬಹಳ ಜನ ಕೇಳುವುದೇ ಇಲ್ಲ, ತಾವೇ ಅತಿ ಕೆಟ್ಟದ್ದನ್ನು ಊಹಿಸಿಕೊಂಡು 'ಇಲ್ಲ' ಅಂದುಬಿಡುತ್ತಾರೆ. ಮತ್ತೆ, ಕೈಯಲ್ಲಿ ಇಲ್ಲದ ಭರವಸೆ ಕೊಡಬೇಡಿ. ಬಿಲ್ ಬರುತ್ತೆ ಅಂದರೆ ಬರುತ್ತೆ ಅಂತಲೇ ಹೇಳಿ. ಸಿಬ್ಬಂದಿಯ ವಿಷಯದಲ್ಲಿ ಇದು ಅರ್ಧ ಮಾತ್ರ ಆಗಿದೆ. ಐಸೋಲೇಷನ್‌ನಲ್ಲಿ ಇದ್ದ ವೇಟರ್‌ಗಳಿಗೆ ಟಿಪ್ಸ್ ತುಂಬಿಕೊಡುವ ಬಗ್ಗೆ ನಮ್ಮ ಮೀಟಿಂಗ್‌ಗಳಲ್ಲಿ ಎಷ್ಟೋ ಸಲ ಮಾತು ಬಂದು ಹೋಯಿತು, ಕಾಗದದ ಮೇಲೆ ಬರಲಿಲ್ಲ.

ಸಿಡಿಸಿ ತನ್ನ ಕ್ರೂಸ್ ಕೋವಿಡ್ ಕಾರ್ಯಕ್ರಮವನ್ನು 2022ರ ಜುಲೈನಲ್ಲಿ ಮುಗಿಸಿತು. ಜನ ವಾಪಸ್ ಬಂದರು, ಬಂದ ರಭಸ ನೋಡಿ ನಾವೇ ಬೆರಗಾದೆವು. 2019ರಲ್ಲಿ ಜಗತ್ತಿನಾದ್ಯಂತ 2.97 ಕೋಟಿ ಇದ್ದ ಪ್ರಯಾಣಿಕರು 2023ಕ್ಕೆ 3.17 ಕೋಟಿ ಆದರು. ಹಳೆಯ ಅಭ್ಯಾಸಗಳೂ ಅವರ ಜೊತೆಗೇ ಬಂದವು, ಸೌಟು ಮತ್ತೆ ಪ್ರಯಾಣಿಕರ ಕೈಗೆ ಹೋಯಿತು. ನಮ್ಮಲ್ಲಿ ವಾಂತಿ ಭೇದಿ ಅಂತ ಮೆಡಿಕಲ್ ಸೆಂಟರ್‌ಗೆ ಹೋದರೆ ಈಗಲೂ ಫೀಸ್ ಇಲ್ಲ, ನೊರೊವೈರಸ್ ಭಯದಿಂದ ಎಷ್ಟೋ ವರ್ಷದ ಹಿಂದೆ ಮಾಡಿದ ನಿಯಮ ಅದು. ಅಮೆರಿಕಕ್ಕೆ ಬರುವ ಹಡಗಿನಲ್ಲಿ 3 ಶೇಕಡಾ ಜನಕ್ಕೆ ಹೊಟ್ಟೆ ಕೆಟ್ಟರೆ ಸಿಡಿಸಿ ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ, ಹಾಗಾಗಿ ಬೇಗ ಗೊತ್ತಾಗಲಿ ಅನ್ನುವ ಆಸೆ ಕಂಪನಿಗೂ ಇದೆ. ಕೆಮ್ಮು ಜ್ವರಕ್ಕೆ ಮಾತ್ರ ಫೀಸ್ ಮತ್ತೆ ಶುರುವಾಗಿದೆ, ಸೀದಾ ಕ್ಯಾಬಿನ್ ಅಕೌಂಟ್‌ಗೆ ಹೋಗುತ್ತದೆ. ಹೊಟ್ಟೆ ಕೆಟ್ಟವರು ಡಾಕ್ಟರ್ ಹತ್ತಿರ ಹೋಗುತ್ತಾರೆ. ಕೆಮ್ಮುವವರು ನನ್ನ ಡೆಸ್ಕ್‌ಗೆ ಬಂದು, ಅಂಗಡಿಯಲ್ಲಿ ಕೆಮ್ಮಿನ ಔಷಧಿ ಸಿಗುತ್ತಾ ಅಂತ ಕೇಳುತ್ತಾರೆ.