ಅಂಗಳಕ್ಕೆ 12 ಹಾಡು

28 ಡಿಸೆಂಬರ್ 2025, ಭಾನುವಾರ
ತೀರ್ಥಹಳ್ಳಿ ತಾಲ್ಲೂಕು

ಬೆಳಿಗ್ಗೆ ಎದ್ದಾಗ ಗಂಟಲು ಪೂರ್ತಿ ಕಟ್ಟಿತ್ತು, ಕಾಫಿ ಕೇಳೋಕೂ ಸ್ವರ ಇಲ್ಲ, ಅಮ್ಮ ಕಷಾಯ ಕೊಟ್ಲು. ಅಂಗಳದಲ್ಲಿ ಹಾಸಿದ್ದ ಚಾಪೆಗಳು ಇಬ್ಬನಿಗೆ ತೊಯ್ದು ಹಂಗೇ ಬಿದ್ದಿದ್ವು, ಅದ್ರ ಮಧ್ಯ ಯಾರದೋ ಮಗುವಿನ ಒಂದು ಚಪ್ಪಲಿ. ನಿನ್ನೆ ರಾತ್ರಿ ಇಲ್ಲಿ ಹಾಡು ನಡೀತು ಅನ್ನೋಕೆ ಅಷ್ಟೇ ಸಾಕ್ಷಿ. ಮರೆಯೋ ಮೊದ್ಲು ಬರೆದಿಡ್ಬೇಕು.

ಹಾಡಿದವ್ರ ಹೆಸರು ಇಲ್ಲಿ ಬರಿಯಲ್ಲ. ಟಿಕೆಟ್ ಇಲ್ಲ, ಪೋಸ್ಟರ್ ಇಲ್ಲ, ಅಣ್ಣನ ಸ್ನೇಹಕ್ಕೆ ಅಂತ ಬಂದು ಹಾಡಿ ಹೋದ್ರು, ನೆಟ್ಟಲ್ಲಿ ಹಾಕ್ಬೇಡಿ ಅಂದಿದ್ರು. ಅವ್ರೇ ಬರೆದು ಅವ್ರೇ ರಾಗ ಕಟ್ಟಿ ಗಿಟಾರ್ ಹಿಡ್ಕೊಂಡು ಹಾಡೋರು, ಜಾನಪದದ ಧಾಟಿಗೆ ರಾಕ್ ಸೇರ್ಸೋರು. ನಾನು ಎಂಟು ವರ್ಷದಿಂದ ಕೇಳ್ತಾ ಇದೀನಿ. ನಮ್ಮನೇಲಿ ನಾನು, ಅಣ್ಣ, ಅತ್ತಿಗೆ, ಅತ್ತಿಗೆ ತಮ್ಮ, ಇಷ್ಟು ಜನ ಪಕ್ಕಾ ಅಭಿಮಾನಿಗಳು. ಅವ್ರು ಬರ್ತೀನಿ ಅಂದಾಗ ಒಂದು ಮಾತು ಹೇಳಿದ್ರು: ಏನೇನು ಹಾಡ್ಬೇಕು ಅಂತ ನಾನು ಬರ್ಕೊಂಡು ಬರಲ್ಲ, ನೀವೇ 12 ಹಾಡು ಆರಿಸಿ ಮೂರು ದಿನ ಮೊದ್ಲು ಕಳ್ಸಿ. ಎಳ್ಳಮಾವಾಸ್ಯೆ ಜಾತ್ರೆ ಮುಗೀಲಿ, ಊರವ್ರೂ ಖಾಲಿ ಇರ್ತಾರೆ ಅಂತ 27ನೇ ತಾರೀಕು ಶನಿವಾರ ಇಟ್ಕೊಂಡ್ವಿ.

12 ಅಂದ್ರೆ ಎಷ್ಟು ಕಮ್ಮಿ ಅಂತ ಆಮೇಲೆ ಗೊತ್ತಾಯ್ತು. ಮೊದಲ್ನೇ ದಿನ ನಾವು ನಾಲ್ಕೇ ಜನ ಬರೆದ ಪಟ್ಟೀಲಿ 31 ಹಾಡು ಇತ್ತು.

ಈಗ ಅಡಿಕೆ ಕೊಯ್ಲು ಟೈಮು. ಹಗಲು ಕೊನೆಗೌಡ, ಅಂದ್ರೆ ಮರ ಹತ್ತಿ ಕೊಯ್ಯೋನು, ಇಳಿಸಿದ ಗೊನೆ ಅವತ್ತೇ ರಾತ್ರಿ ಸುಲಿದು ಬೆಳಿಗ್ಗೆ ಬೇಯಿಸೋಕೆ ಹಂಡೆಗೆ ಹಾಕ್ಬೇಕು, ಹಸಿ ಅಡಿಕೆ ಹಂಗೇ ಬಿಟ್ರೆ ಬಣ್ಣ ಕೆಡುತ್ತೆ, ರೇಟು ಬಿದ್ದೋಗುತ್ತೆ. ಹಂಗಾಗಿ ಹಾಡು ಆರಿಸೋ ಮೀಟಿಂಗೆಲ್ಲ ಸುಲಿಯೋ ಚಪ್ಪರದಲ್ಲೇ ಆಯ್ತು. ಸಾಲಾಗಿ ಮೆಟ್ಟುಗತ್ತಿ (ಅಡಿಕೆ ಸುಲಿಯೋ ಕತ್ತಿ) ಹಾಕ್ಕೊಂಡು ಹತ್ತು ಹನ್ನೆರಡು ಜನ ಕೂತಿರ್ತಾರೆ, ಮಧ್ಯ ಒಂದು ಬಲ್ಬು, ನಾನು ಬ್ಲೂಟೂತ್ ಸ್ಪೀಕರ್ ತಂದು ಡಬ್ಬದ ಮೇಲಿಟ್ಟು ಒಂದೊಂದೇ ಹಾಡು ಹಾಕ್ತಾ ಹೋದೆ.

ಮೊದಲ ಜಗಳ ಬಸ್ಸಿನ ಹಾಡಿಂದು. ನಾವು ಹಾಡಿಗೆಲ್ಲ ಅಡ್ಡ ಹೆಸರು ಇಟ್ಕೊಂಡಿದೀವಿ, ಬಸ್ಸಿನ ಹಾಡು ಅಂದ್ರೆ ರಾತ್ರಿ ಕೊನೇ ಬಸ್ಸು ತಪ್ಪಿಸ್ಕೊಂಡವನ ಹಾಡು, ಅವ್ರದ್ದು ಎಲ್ರಿಗೂ ಗೊತ್ತಿರೋದು ಅದೊಂದೇ. ಅತ್ತಿಗೆ ತಮ್ಮ ಅದು ಒಂದನೇ ನಂಬರ್ ಬರ್ಬೇಕು ಅಂದ. ನಾನು ಬೇಡ ಅಂದೆ. ಬೆಂಗಳೂರಲ್ಲಿ ಎರಡು ಸಲ ಅವ್ರ ಶೋಗೆ ಹೋಗಿದ್ದೆ, ಎರಡು ಸಲನೂ ಮೊದಲ ಹಾಡು ಶುರುವಾಗೋ ಮುಂಚೆನೇ ಹಿಂದಿಂದ ಬಸ್ಸಿನ ಹಾಡು ಬಸ್ಸಿನ ಹಾಡು ಅಂತ ಕೂಗೋರು, ಅವ್ರು ನಗ್ತಾ ತಲೆ ಆಡ್ಸೋರು, ಆದ್ರೆ ಆ ನಗು ಸುಸ್ತಾದ ನಗು. ಅದನ್ನ ಯಾರೂ ಕೇಳ್ದಿದ್ರೂ ಕೊನೇಗೆ ಹಾಡೇ ಹಾಡ್ತಾರೆ. ಕೇಳ್ದೆ ಸಿಗೋದಕ್ಕೆ ನಮ್ಮ ಒಂದು ಕೋರಿಕೆ ಯಾಕೆ ಖರ್ಚು ಮಾಡ್ಬೇಕು? ಕೋರಿಕೆ ಅಂದ್ರೆ ನಾವು ಕೇಳ್ದಿದ್ರೆ ಆ ರಾತ್ರಿ ಹುಟ್ಟೋದೇ ಇಲ್ಲ ಅನ್ನೋ ಹಾಡು, ನನಗೆ ಇದ್ರಲ್ಲಿ ಎರಡು ಮಾತಿಲ್ಲ. ದೊಡ್ಡ ಸ್ಟೇಜಲ್ಲಿ ಬ್ಯಾಂಡ್ ಇದ್ದಾಗ ಪಾಪ ಅವ್ರಿಗೂ ಕಷ್ಟ, ಡ್ರಮ್ಸ್ ಅವ್ರು, ಲೈಟಿನವ್ರು, ಸೌಂಡಿನವ್ರು ಎಲ್ಲ ಒಂದೇ ಪಟ್ಟಿ ನೋಡ್ಕೊಂಡಿರ್ತಾರೆ, ಮಧ್ಯ ಒಂದು ಹಾಡು ಬದಲಾದ್ರೂ ಎಲ್ಲ ತಪ್ಪುತ್ತೆ. ಒಬ್ರೇ ಗಿಟಾರ್ ಹಿಡ್ಕೊಂಡು ನಮ್ಮ ಅಂಗಳಕ್ಕೆ ಬಂದಾಗ ಮಾತ್ರ ಏನು ಬೇಕಾದ್ರೂ ಆಗ್ಬಹುದು.

ಅಮ್ಮ ಇಷ್ಟು ಹೊತ್ತು ಸುಮ್ನೆ ಕೂತಿದ್ಳು. ಎಂತಕ್ಕೆ ಹಿಂಗೆ ಕಿತ್ತಾಡ್ತೀರಿ ಮಾರಾಯ್ತಿ, ಕಾಡು ಕುದುರೆ ಹಾಡೋಕೆ ಹೇಳು, ನಮ್ಮ ಜಿಲ್ಲೇದು ಅಂದ್ಳು. ಶಿವಮೊಗ್ಗ ಸುಬ್ಬಣ್ಣ ಅಂದ್ರೆ ಅವಳಿಗೆ ಪ್ರಾಣ. ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಲ್ಲಿ ಹುಟ್ಟಿದವ್ರು, ಕಂಬಾರರ 'ಕಾಡು ಕುದುರೆ ಓಡಿ ಬಂದಿತ್ತಾ' ಹಾಡಿ ರಾಷ್ಟ್ರಪ್ರಶಸ್ತಿ ತಂದವ್ರು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ತಗೊಂಡ ಮೊದಲ ಕನ್ನಡಿಗ ಅವ್ರೇ. 2022ರ ಆಗಸ್ಟಲ್ಲಿ ಅವ್ರು ತೀರ್ಕೊಂಡ ದಿನ ಅಮ್ಮ ಟಿವಿ ಮುಂದಿಂದ ಎದ್ದಿರ್ಲಿಲ್ಲ. ಕೋರಿಕೆ ವಿಷಯದಲ್ಲಿ ಅಮ್ಮ ನಮಗಿಂತ ಹಳಬಳು, ಮದುವೆ ಮುಂಚೆ 15 ಪೈಸೆ ಕಾರ್ಡಲ್ಲಿ ಭದ್ರಾವತಿ ಆಕಾಶವಾಣಿಗೆ ಹಾಡು ಕೇಳಿ ಬರೀತಿದ್ಳಂತೆ, ಕೆಳಗೆ ಮನೆಯವ್ರೆಲ್ಲರ ಹೆಸರು, ಜಾಗ ಸಾಲದೆ ಅಡ್ಡಡ್ಡ ಬರೆದು. ರೇಡಿಯೋದಲ್ಲಿ ಹೆಸರು ಓದೋವಾಗ ಇಡೀ ಮನೆ ಉಸಿರು ಹಿಡ್ಕೊಂಡು ಕೂತಿರೋದು, ಹಾಡು ಬಂದ್ಮೇಲೆ ಅದನ್ನ ಸರಿಯಾಗಿ ಕೇಳಿಸ್ಕೊಂಡೇ ಇಲ್ಲ ಅಂತಾಳೆ, ಹೆಸರು ಬಂತಲ್ಲ ಅನ್ನೋ ಖುಷೀಲಿ!

ಪಕ್ಕದ್ಮನೆ ಮಾಸ್ಟ್ರು ಷರೀಫರ ತತ್ವಪದ ಬೇಕೇ ಬೇಕು ಅಂದ್ರು. ಅವ್ರು 2005ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಅಶ್ವತ್ಥರ 'ಕನ್ನಡವೇ ಸತ್ಯ' ನೋಡಿ ಬಂದವ್ರು, ಅವತ್ತಿಂದ ಷರೀಫ ಅಂದ್ರೆ ಅಶ್ವತ್ಥರ ದನಿ ಬಿಟ್ಟು ಇನ್ನೊಂದು ಕಿವಿಗೆ ಹೋಗಲ್ಲ. ನಾನು ಷರೀಫರನ್ನ ಹಿಡ್ಕೊಂಡಿದ್ದು ಬೇರೆ ದಾರೀಲಿ, 2008ರಲ್ಲಿ ಶಿವಮೊಗ್ಗದ ಹಾಸ್ಟೆಲಲ್ಲಿ ಇದ್ದಾಗ ರಘು ದೀಕ್ಷಿತ್ ಅವ್ರ 'ಅಂತರಾಗ್ನಿ' ಆಲ್ಬಂ ಬಂತು, ಅದ್ರಲ್ಲಿ 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನಿಯ ಮಾಳಿಗಿ' ಎರಡೂ ಇತ್ತು, ರೂಮಲ್ಲಿ ನಾಲ್ಕು ಜನ ಒಂದೇ ಇಯರ್‌ಫೋನ್ ಹಂಚ್ಕೊಂಡು ಕೇಳಿದ್ವಿ. 1889ರಲ್ಲಿ ಹೋದ ಮನುಷ್ಯನ ಪದ ಗಿಟಾರಿಗೆ ಹಿಂಗೆ ಕೂರುತ್ತಾ ಅಂತ ಆಶ್ಚರ್ಯ ಆಗಿತ್ತು, ಆಮೇಲೆ ಗೊತ್ತಾಯ್ತು ಆ ಪದಗಳ ಒಳಗೇ ತಾಳ ಇದೆ, ಯಾವ ವಾದ್ಯ ಕೊಟ್ರೂ ನಡ್ಕೊಂಡು ಹೋಗುತ್ತೆ ಅಂತ. ಮಾಸ್ಟ್ರು ಕೇಳಿದ್ದು ಸೋರುತಿಹುದು. ಆಗುಂಬೆ ಮಳೆ ಕೆಳಗೆ ಬದುಕೋ ನಮಗೆ ಸೋರೋ ಮನೆ ಹಾಡು ಬೇರೆ ಯಾರಾದ್ರೂ ಹೇಳಿ ಕೊಡ್ಬೇಕಾ, ಜೂನ್‌ನಿಂದ ಮೂರು ತಿಂಗಳು ಹೆಂಚಿನ ಕೆಳಗೆ ಪಾತ್ರೆ ಇಟ್ಟೇ ಮಲಗೋರು ನಾವು. ಮತ್ತೆ ಮಾಸ್ಟ್ರು ಇನ್ನೊಂದು ಹೇಳಿದ್ರು, 29ನೇ ತಾರೀಕು ಕುವೆಂಪು ಹುಟ್ಟಿದ ದಿನ, ಅಶ್ವತ್ಥರು ಹುಟ್ಟಿದ್ದೂ ಡಿಸೆಂಬರ್ 29, ಹೋಗಿದ್ದೂ ಡಿಸೆಂಬರ್ 29, 1939 ಮತ್ತೆ 2009. ಎರಡು ದಿನ ಮುಂಚೆ ಹಾಡು ಇಟ್ಕೊಂಡು ಅವ್ರನ್ನ ನೆನೆಸ್ಕೊಳ್ದೆ ಇರೋದಾ ಅಂದ್ರು. ಅದಕ್ಕೆ ಯಾರೂ ಎದುರು ಮಾತಾಡ್ಲಿಲ್ಲ.

ಆದ್ರೂ ಬೇರೆಯವ್ರ ಹಾಡು ಎರಡೇ ಅಂತ ನಾನು ಹಟ ಹಿಡಿದೆ. ತಾನೇ ಬರೆದು ಹಾಡೋರನ್ನ ಮನೆಗೆ ಕರ್ಸಿ ಬರೀ ಬೇರೆಯವ್ರ ಹಾಡು ಹಾಡಿಸೋದು, ಅಡುಗೆ ಭಟ್ಟರನ್ನ ಕರ್ಸಿ ಬೇಕರಿ ಬ್ರೆಡ್ ಬಡಿಸಿ ಅಂದ ಹಂಗೆ. ಕಾಡು ಕುದುರೆ ಒಂದು, ಮಾಳಿಗಿ ಒಂದು, ಮುಗೀತು.

ಎರಡನೇ ರಾತ್ರಿ ಆಗಿದ್ದು ನಾನು ಯಾವತ್ತೂ ಮರೆಯಲ್ಲ. ಪಟ್ಟಿ 17ಕ್ಕೆ ಬಂದು ನಿಂತಿತ್ತು, ನಾವು ನಾಲ್ಕು ಜನ ಸಾಹಿತ್ಯ ಹಂಗಿದೆ, ಗಿಟಾರ್ ಹಿಂಗಿದೆ ಅಂತ ವಾದ ಮಾಡ್ತಾ ಇದ್ವಿ, ಸುಲಿಯೋಕೆ ಬರೋ ಅಕ್ಕ ಒಬ್ರು, ಅವ್ರು ಈ ಹಾಡುಗಾರರ ಹೆಸರೂ ಕೇಳಿರ್ಲಿಲ್ಲ, ತಲೆ ಎತ್ತದೆನೇ ಹೇಳಿದ್ರು, "ಆಗ ಹಾಕಿದ್ರಲ್ಲ ಅಮ್ಮಾ, ಸಾಲದ್ದು, ಅದು ಇನ್ನೊಂದ್ಸಲ ಹಾಕಿ. ಅದ್ರಲ್ಲಿ ಕೈ ನಿಲ್ಲಲ್ಲ." ಸಾಲದ ಹಾಡು ಅಂದ್ರೆ ಅವ್ರ ಎರಡನೇ ಆಲ್ಬಮ್ಮಿನ ಕೊನೇ ಹಾಡು, ಮೂರು ನಿಮಿಷನೂ ಇಲ್ಲ, ನಾವು ಯಾರೂ ಪಟ್ಟೀಲೇ ಹಾಕಿರ್ಲಿಲ್ಲ. ಮತ್ತೆ ಹಾಕಿದೆ. ನಿಜ, ಆ ತಾಳಕ್ಕೆ ಇಡೀ ಸಾಲು ಮೆಟ್ಟುಗತ್ತಿ ಒಂದೇ ಸಮ ಚಕ್ ಚಕ್ ಅಂತ ಹೋಯ್ತು, ಬುಟ್ಟಿಗೆ ಅಡಿಕೆ ಬೀಳೋ ಸದ್ದೂ ಅದಕ್ಕೇ ಸೇರ್ಕೊಳ್ತು, ಮೂರನೇ ಸಲ ಹಾಕಿದಾಗ ಪಲ್ಲವಿ ಎಲ್ರೂ ಹೇಳ್ತಾ ಇದ್ರು. ಎಂಟು ವರ್ಷ ನಾನು ಆ ಹಾಡನ್ನ ದಾಟಿಸಿ ದಾಟಿಸಿ ಮುಂದಿನದು ಹಾಕಿದೀನಿ. ಹೆಡ್‌ಫೋನಲ್ಲಿ ಒಬ್ಳೇ ಕೇಳೋವಾಗ ಅದು ಸಣ್ಣ ಹಾಡು. 40 ಜನಕ್ಕೆ ಅದು ಯಾವ ಗಾತ್ರದ ಹಾಡು ಅಂತ ಕೆಲಸ ಮಾಡೋ ಕೈಗೆ ಮೊದ್ಲು ಗೊತ್ತಾಯ್ತು, ನನಗಲ್ಲ. ಅವತ್ತೇ ಅದನ್ನ ಒಂದನೇ ನಂಬರಿಗೆ ಹಾಕಿದೆ.

ಕೊನೇ ಪಟ್ಟಿ ಬರೆಯೋವಾಗ ಅಣ್ಣನ ಮಗ, ಈಗ ತಾನೇ ಗಿಟಾರ್ ಕಲೀತಾ ಇದಾನೆ, ಒಂದು ಒಳ್ಳೇ ಮಾತು ಹೇಳ್ದ. ಎರಡು ಹಾಡಲ್ಲಿ ಅವ್ರು ದಪ್ಪ ತಂತಿನ ಇ ಇಂದ ಡಿ ಗೆ ಇಳಿಸ್ತಾರೆ, ಆ ಎರಡನ್ನ ಒಟ್ಟಿಗೆ ಇಡಿ, ಇಲ್ದಿದ್ರೆ ಸಲ ಸಲಕ್ಕೂ ಶ್ರುತಿ ಮಾಡ್ತಾ ಕೂರ್ಬೇಕಾಗುತ್ತೆ, ಮೊದ್ಲೇ ಚಳಿ ಅಂತ. ಹಂಗೇ ಮಾಡಿದ್ವಿ.

ನನ್ನ ಸ್ವಂತ ಕೋರಿಕೆ ಒಂದೇ. ಹೊಳೆ ಹಾಡು. ಆದ್ರೆ ಅದಕ್ಕೆ ಪಕ್ಕದಲ್ಲಿ 'ಮೂರನೇ ಚರಣದ ಜೊತೆ' ಅಂತ ಬರೆದಿದ್ದೆ. ಆಲ್ಬಮ್ಮಲ್ಲಿ ಎರಡೇ ಚರಣ. ಅದಕ್ಕೂ ಮುಂಚೆ ಯಾರದೋ ರೂಮಲ್ಲಿ ಕೂತು ಹಾಡಿದ್ದ ಒಂದು ಹಳೇ ವಿಡಿಯೋ ಇತ್ತು, ಫ್ಯಾನಿನ ಸದ್ದು ಹಾಡಿಗಿಂತ ಜಾಸ್ತಿ, ಅದ್ರಲ್ಲಿ ಮೂರನೇ ಚರಣ ಇತ್ತು, ಆಮೇಲೆ ಆ ವಿಡಿಯೋನೇ ಹೋಯ್ತು. ಹೋಗೋ ಮೊದ್ಲು ನಾನು ಕೇಳಿ ಕೇಳಿ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೆ.

ನಿನ್ನೆ ಏಳೂವರೆಗೆ ಶುರುವಾಯ್ತು. ಮೇಲೆ ಅರ್ಧ ಚಂದ್ರ, ಅಂಗಳದ ಮೂಲೇಲಿ ಬೆಂಕಿ, ಎಣಿಸಿದ್ರೆ 46 ಜನ. ಮೈಕ್ ಇಟ್ಟಿದ್ವಿ, ಎರಡನೇ ಹಾಡಿಗೇ ಕರೆಂಟ್ ಹೋಯ್ತು, ಅವ್ರು ಅದನ್ನ ಪಕ್ಕಕ್ಕೆ ಸರ್ಸಿ ಎದ್ದು ಬಂದು ಜನರ ಮಧ್ಯ ಸ್ಟೂಲ್ ಹಾಕ್ಕೊಂಡ್ರು, ಅಲ್ಲಿಂದ ಮೇಲೆನೇ ನಿಜವಾದ ಹಾಡು. ಇಬ್ಬನಿಗೆ ತಂತಿ ಶ್ರುತಿ ತಪ್ಪಿ ತಪ್ಪಿ ನಡು ನಡುವೆ ಗಿಟಾರನ್ನ ಬೆಂಕಿ ಹತ್ರ ಹಿಡಿಯೋರು, ದೂರ ದೂರ ಅಂತ ಅಣ್ಣನ ಮಗ ಕಿರುಚೋನು.

ಸಾಲದ ಹಾಡು ಪಟ್ಟೀಲಿ ಮೊದಲು ನೋಡಿ, ಇದನ್ನ ಯಾರು ಕೇಳಿದ್ದು ಅಂದ್ರು. ನಾವು ಅಕ್ಕನ ಕಡೆ ಕೈ ತೋರ್ಸಿದ್ವಿ. ಅಕ್ಕ ಸೆರಗಲ್ಲಿ ಬಾಯಿ ಮುಚ್ಕೊಂಡ್ರು. ಇದನ್ನ ನನ್ನ ಹತ್ರ ಇವತ್ತಿನ ತನಕ ಯಾರೂ ಕೇಳಿಲ್ಲ ಅಂದು, ಕಣ್ಣು ಅಕ್ಕನ ಮೇಲೇ ಇಟ್ಟು ಹಾಡಿದ್ರು. ಸುಲಿಯೋರ ಸಾಲು ಪೂರ್ತಿ ಪಲ್ಲವಿಗೆ ದನಿ ಸೇರ್ಸಿದಾಗ ಅವ್ರು ಹಾಡೋದು ನಿಲ್ಸಿ ಬರೀ ಗಿಟಾರ್ ಬಾರಿಸ್ತಾ ಕೇಳಿಸ್ಕೊಂಡ್ರು, ಖಾಲಿ ಡಬ್ಬದ ಮೇಲೆ ಯಾರೋ ತಾಳ ಹಾಕಿದ್ರು, ಮೂರು ನಿಮಿಷದ್ದು ಹತ್ತು ನಿಮಿಷ ಆಯ್ತು.

ಕಾಡು ಕುದುರೆ ಅವ್ರಿಗೆ ಅಷ್ಟು ಚೆನ್ನಾಗಿ ಬರ್ಲಿಲ್ಲ. ಅಮ್ಮನೇ ಹೇಳಿದ್ಳು, ಆ ಓಟ ಇಲ್ಲ ಅಂತ. ಮಾಳಿಗಿಗೆ ಮಾಸ್ಟ್ರು ಕಣ್ಣು ಒರ್ಸ್ಕೊಂಡ್ರು, ಅವ್ರಿಗೆ ಗಿಟಾರ್ ಷರೀಫ ಕಿವಿಗೆ ಹೋಗಿದ್ದು ಇದೇ ಮೊದಲು.

ಒಂಬತ್ತನೇದು ನನ್ನ ಹೊಳೆ ಹಾಡು. ಚೀಟಿ ಓದಿ ಅವ್ರು ತುಂಬ ಹೊತ್ತು ಸುಮ್ನಿದ್ರು. ಮೂರನೇ ಚರಣ ನನಗೇ ಮರೆತೋಗಿದೆ, ನಿಮಗೆ ಹೆಂಗೆ ಗೊತ್ತು ಅಂದ್ರು. ನಾನು ಒಳಗೆ ಓಡಿ ನೋಟ್‌ಬುಕ್ ತಂದೆ, ಕೈ ನಡುಗ್ತಾ ಇತ್ತು, ಚಳಿಗೋ ಏನೋ. ಅಣ್ಣ ಮೊಬೈಲ್ ಟಾರ್ಚ್ ಹಿಡಿದ. ಎರಡು ಚರಣ ನೋಡದೆ ಹಾಡಿ, ಮೂರನೇದಕ್ಕೆ ಪುಟದ ಮೇಲೆ ಬಗ್ಗಿದ್ರು, ಎರಡನೇ ಸಾಲಲ್ಲಿ ತಟ್ಟಂತ ನಿಂತ್ರು. ನಾನು ಬರೆದಿದ್ದು 'ಹೊಳೆ ದಾಟಿ ಬಂದವಳೆ'. ಅವ್ರು ಬರೆದಿದ್ದು 'ಹೊಳೆ ದಾಟದೆ ನಿಂದವಳೆ' ಅಂತೆ. ಫ್ಯಾನಿನ ಸದ್ದಲ್ಲಿ ನನ್ನ ಕಿವಿ ತಪ್ಪು ಕೇಳಿತ್ತು, ಇಷ್ಟು ವರ್ಷ ನಾನು ಅವಳನ್ನ ದಾಟಿಸಿಯೇ ಹಾಡ್ಕೊಂಡಿದೀನಿ. ನನಗೆ ನೆಲಕ್ಕೆ ಇಳಿದು ಹೋಗೋ ಹಂಗಾಯ್ತು. ಅವ್ರು ಇನ್ನೊಂದ್ಸಲ ಪುಟ ನೋಡಿ, "ಅವಳು ದಾಟ್ಲಿ ಬಿಡಿ, ಇವತ್ತು" ಅಂದು, ಚರಣದ ಮೊದಲಿಂದ ಎತ್ಕೊಂಡು ನಾನು ಬರೆದ ಹಂಗೇ ಹಾಡಿದ್ರು.

ಬಸ್ಸಿನ ಹಾಡು ಯಾರೂ ಕೇಳ್ಲಿಲ್ಲ. ಹನ್ನೆರಡೂ ಮುಗಿದ್ಮೇಲೆ ಅವ್ರೇ ಹಾಡಿದ್ರು. ನನ್ನ ಗಂಟಲು ಹೋಗಿದ್ದು ಅಲ್ಲೇ.

ಬೆಳಿಗ್ಗೆ ಆರೂಮುಕ್ಕಾಲಿಗೆ ಶಿವಮೊಗ್ಗ ಬಸ್ಸಿಗೆ ಅಣ್ಣ ಬಿಟ್ಟು ಬಂದ. ನೋಟ್‌ಬುಕ್ಕಿನ ಆ ಪುಟ ಹರ್ಕೊಂಡು ಹೋಗ್ಲಾ ಅಂತ ಕೇಳಿದ್ರು, ಕೊಟ್ಟೆ. ಇವತ್ತು ರಾತ್ರಿ ಮತ್ತೆ ಎಂಟು ಡಬ್ಬ ಸುಲಿಯೋದಿದೆ. ಅಕ್ಕ ಮಧ್ಯಾಹ್ನನೇ ಬಂದು ಮೊಬೈಲ್ ಕೊಟ್ಟು ಹೋಗಿದಾರೆ, ಸಾಲದ ಹಾಡು ಹಾಕ್ಕೊಡಿ, ಜೊತೆಗೆ ಆ ಹೊಳೇದೂ ಅಂತ. ಹೊಳೇದು ಆಲ್ಬಮ್ಮಲ್ಲಿ ಎರಡೇ ಚರಣ ಇರೋದು ಅಕ್ಕ ಅಂದೆ. ಇರ್ಲಿ, ಮೂರನೇದು ನೀವು ಹೇಳ್ಕೊಡಿ ಅಂದ್ರು. ಗಂಟಲು ಸರಿಯಾಗ್ಲಿ ಅಂತ ಇನ್ನೊಂದು ಲೋಟ ಕಷಾಯ ಇಟ್ಟಿದೀನಿ.