14 ಡ್ರಾಫ್ಟು, ಎರಡು ಸಾಲು: ಮರುಜೋಡಣೆ ಲಾಗ್, 9ನೇ ತಿಂಗಳು

ರಿಸಲ್ಟ್ ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ಮಂಗಳವಾರ ಒಬ್ಬರು ನನ್ನನ್ನು "ಯಾಕೆ?" ಅಂತ ಕೇಳಿದರು. ನಾನು ಕಾರಣ ಹೇಳಲಿಲ್ಲ. ಅಷ್ಟೇ. ಹೊರಗಿನವರಿಗೆ ಇದು ನಗು ತರಿಸಬಹುದು. ಪ್ರತಿಯೊಂದಕ್ಕೂ ಕಾರಣ ಕೊಡಬೇಕಿದ್ದ ಮದುವೆಯಿಂದ ಹೊರಗೆ ಬಂದು, ನನ್ನ ಹಾಗೆ ಬದುಕನ್ನು ಮತ್ತೆ ಜೋಡಿಸುತ್ತಿರುವವರು ಮಾತ್ರ ನಗುವುದಿಲ್ಲ.

ಮಾಮೂಲಿ ಹಂತಗಳನ್ನೆಲ್ಲ ಬಿಡುತ್ತೇನೆ. ವಿಚ್ಛೇದನದ ಡಿಕ್ರಿ, ಜಂಟಿ ಖಾತೆ, ನಾಮಿನಿ ಹೆಸರು, ಪಾಸ್‌ವರ್ಡು, ಲೊಕೇಶನ್ ಶೇರಿಂಗ್, ಇವೆಲ್ಲ ನಿಮಗೂ ಆಗಿರುತ್ತವೆ. ಒಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಟ್ಯಾಬ್ಲೆಟ್ ಒಂದು ನನ್ನ ಖಾತೆಗೆ ಇನ್ನೂ ಲಾಗಿನ್ ಆಗಿಯೇ ಇತ್ತು. ಗೊತ್ತಾಗಿದ್ದು ಆರನೇ ತಿಂಗಳಲ್ಲಿ. ಆರು ತಿಂಗಳು ನನ್ನ ಫೋಟೋಗಳಿಗೆ ಒಬ್ಬ ಖಾಯಂ ಪ್ರೇಕ್ಷಕ ಇದ್ದ. ಖಾತೆಯ ಸೆಟ್ಟಿಂಗ್ಸಿನಲ್ಲಿ ಡಿವೈಸ್ ಪಟ್ಟಿ ಅಂತ ಇರುತ್ತದೆ, ಈಗಲೇ ನೋಡಿ.

ಮಾಜಿ ಗಂಡನನ್ನು ಇಲ್ಲಿ ಏನಂತ ಕರೆಯುವುದು, ಆ ಹೆಸರಿನ ವಿಷಯ. ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ (ತಾನೇ ದೊಡ್ಡವನು ಎಂಬ ಭಾವ, ಬೇರೆಯವರ ನೋವು ತಟ್ಟದಿರುವುದು) ಅನ್ನುವುದು 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-3ರಲ್ಲಿ ಬಂದ ರೋಗನಿರ್ಣಯ. ಈಗಿನ ಡಿಎಸ್‌ಎಂ-5ರಲ್ಲಿ 9 ಲಕ್ಷಣಗಳ ಪಟ್ಟಿ ಇದೆ, ಕನಿಷ್ಠ 5 ಇರಬೇಕು, ಹೇಳಬೇಕಾದವರು ವೈದ್ಯರು. ನಾನು ಮೊದಲ ಎರಡು ತಿಂಗಳು ರಾತ್ರಿ ಆ ಪಟ್ಟಿ ಇಟ್ಟುಕೊಂಡು ಟಿಕ್ ಹಾಕುತ್ತಾ ಕೂತಿದ್ದೆ. 9ಕ್ಕೆ 8 ಬರುತ್ತಿತ್ತು. ಏನು ಸಿಕ್ಕಿತು? ನಿದ್ದೆ ಹೋಯಿತು, ಅಷ್ಟೇ. ಹಾಗಾಗಿ ಇಲ್ಲಿ ಕೋರ್ಟಿನ ಮಾತನ್ನೇ ಬಳಸುತ್ತೇನೆ: ಎದುರು ಪಾರ್ಟಿ.

ಈಗ ಒಂಬತ್ತು ತಿಂಗಳು ಸತಾಯಿಸಿದ ಸಮಸ್ಯೆಗೆ ಬರೋಣ. ನನ್ನದು ವಿವರಣೆ ಕೊಡುವ ರೋಗ.

ಆಫೀಸಿನಲ್ಲಿ ಅರ್ಧ ದಿನ ರಜೆ ಬೇಕಿತ್ತು. ಮೂರು ಪ್ಯಾರಾ ಮೇಲ್ ಬರೆದೆ, ಡಾಕ್ಟರ ಚೀಟಿಯ ಫೋಟೋ ಲಗತ್ತಿಸಿದೆ. ಮ್ಯಾನೇಜರ್ ಉತ್ತರ: "ಓಕೆ." ಆ ಓಕೆಯನ್ನು ಇಡೀ ಸಂಜೆ ಅಗೆದೆ. ಸಿಟ್ಟಿನ ಓಕೆಯೋ, ಅನುಮಾನದ ಓಕೆಯೋ ಅಂತ. ಇನ್ನೊಂದು ದಿನ ರಾಂಗ್ ನಂಬರ್ ಕಾಲ್ ಬಂತು. ಈ ನಂಬರ್ ಎಷ್ಟು ವರ್ಷದಿಂದ ನನ್ನ ಹತ್ತಿರ ಇದೆ ಅಂತ ಆ ಪುಣ್ಯಾತ್ಮನಿಗೂ ವಿವರಿಸಿದೆ. ಆತನೇ ಸಾರಿ ಕೇಳಿ ಇಟ್ಟುಬಿಟ್ಟ.

ಆ ಮನೆಯಲ್ಲಿ ಪ್ರಶ್ನೆಗಳು ಪ್ರಶ್ನೆಗಳಾಗಿರಲಿಲ್ಲ. "ಯಾಕೆ ಲೇಟು?" ಅನ್ನುವುದಕ್ಕೆ ಸರಿಯುತ್ತರವೇ ಇರುತ್ತಿರಲಿಲ್ಲ. "ಸುಮ್ನೆ ನಡೆದು ಬಂದೆ" ಅಂದರೆ, "ಸುಮ್ನೆ ಅಂದ್ರೆ ಏನು?" ಅಂತ ಎರಡನೇ ಪ್ರಶ್ನೆ ಬರುತ್ತಿತ್ತು. ಅಲ್ಲಿಂದ ಮೂರು ಗಂಟೆ. ನಾನೇ ಏನಾದರೂ ಕೇಳಿದರೆ ಇನ್ನೂ ಚೆಂದ. ಮೊದಲು "ಅದು ನಡೆದೇ ಇಲ್ಲ", ಆಮೇಲೆ "ನಿನ್ನ ತಲೆ ಸರಿ ಇಲ್ಲ", ಕೊನೆಗೆ "ಅನ್ಯಾಯ ಆಗಿದ್ದು ನನಗೇ" ಅನ್ನುತ್ತಿದ್ದ. ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್ 1997ರಲ್ಲಿ ಇದಕ್ಕೆ ಡಾರ್ವೋ ಅಂತ ಹೆಸರಿಟ್ಟರು: ಅಲ್ಲಗಳೆ, ಮೇಲೆ ಬೀಳು, ಪೆಟ್ಟು ತಿಂದವರನ್ನೇ ತಪ್ಪಿತಸ್ಥರ ಜಾಗಕ್ಕೆ ತಳ್ಳು. ಓದಿದ ದಿನ ನಮ್ಮ ಮನೆಯಲ್ಲಿ ಯಾರೋ ರೆಕಾರ್ಡರ್ ಇಟ್ಟಿದ್ದರು ಅನ್ನಿಸಿತು. ಕೇಳಿದ್ದು ನಾನು, ಕೊನೆಗೆ ಕ್ಷಮೆ ಕೇಳಿದ್ದೂ ನಾನು.

ಆದರೆ ಸಿಕ್ಕಿಹಾಕಿಸಿದ್ದು ಬೈಗುಳವಲ್ಲ. ಹತ್ತು ಸಲ ವಿವರಣೆ ಕೊಟ್ಟರೆ ಒಂದು ಸಲ ಅದು ಒಪ್ಪಿಗೆಯಾಗುತ್ತಿತ್ತು. ಒಂದು ನಗು, ಒಂದು "ಸರಿ ಬಿಡು". ಆ ಒಂದಕ್ಕಾಗಿ ನಾನು ವಿವರಣೆಯನ್ನು ಉಜ್ಜಿ ಉಜ್ಜಿ ನುಣುಪು ಮಾಡುತ್ತಿದ್ದೆ. ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪಾರಿವಾಳಗಳು ನೆನಪಿವೆಯಲ್ವಾ? ಪೆಟ್ಟಿಗೆಯೊಳಗಿನ ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ, ಕಾಳು ನಿಂತ ಮೇಲೆ ಹಕ್ಕಿ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದರೆ, ಕಾಳು ನಿಂತರೂ ಕುಕ್ಕುತ್ತಲೇ ಇರುತ್ತದೆ. ಡಿಕ್ರಿ ಬಂದಾಗ ಪೆಟ್ಟಿಗೆ ಹೋಯಿತು. ಹಕ್ಕಿ ಕುಕ್ಕುತ್ತಲೇ ಇತ್ತು.

ಮಗಳು ಇರುವುದರಿಂದ ಪೂರ್ತಿ ಸಂಪರ್ಕ ಕಡಿಯುವ ಹಾದಿ ನನಗಿಲ್ಲ. ಶನಿವಾರದ ಭೇಟಿ ಇದೆ, ಮೆಸೇಜು ಇದೆ. ಇಂಥ ಜಗಳದ ಮೆಸೇಜುಗಳಿಗೆ ಉತ್ತರಿಸಲು ಅಮೆರಿಕದ ವಕೀಲ ಬಿಲ್ ಎಡ್ಡಿ ಹೇಳಿಕೊಟ್ಟ ಬಿಫ್ ಪಾಕ ನಿಮಗೆ ಗೊತ್ತಿರಬಹುದು: ಉತ್ತರ ಚಿಕ್ಕದಿರಲಿ, ವಿಷಯ ಇರಲಿ, ದನಿ ಸ್ನೇಹದ್ದಿರಲಿ, ಮಾತು ಅಲ್ಲಿಗೇ ಮುಗಿಯಲಿ. ಓದಲು ಐದು ನಿಮಿಷ. ಮಾಡಲು ಹೋದಾಗ ಬಂದ ಮೆಸೇಜು ಇದು:

"ಬೇಕಂತಲೇ ಸ್ವೆಟರ್ ಕಳಿಸಿಲ್ಲ ನೀನು. ಯಾವಾಗಲೂ ಇದೇ ಹಣೆಬರಹ. ಇವತ್ತು 5ಕ್ಕೆ ಆಗಲ್ಲ, 7ಕ್ಕೆ ಬಿಡ್ತೀನಿ."

ಮೂರು ವಾಕ್ಯ. ಎರಡು ಗಾಳ, ಒಂದು ಮಾಹಿತಿ. ಮತ್ತೆ ಸ್ವೆಟರ್ ನಾನು ಕಳಿಸಿದ್ದೆ! ನಮ್ಮದೇ ತಪ್ಪಿದ್ದರೆ ಬಿಡಬಹುದು, ನಾವೇ ಸರಿ ಇದ್ದಾಗ ಬಿಡುವುದು ಇದೆಯಲ್ಲ, ಅದು ತುಕ್ಕು ಹಿಡಿದ ಸ್ಕ್ರೂ.

1ನೇ ಡ್ರಾಫ್ಟು ಒಂದೂವರೆ ಪುಟ. ಬ್ಯಾಗ್ ತುಂಬಿದ ಸಮಯ, ಸಾಕ್ಷಿಗಳು, ಹಿಂದಿನ ವರ್ಷದ ಟೋಪಿ ಪ್ರಕರಣದ ಉಲ್ಲೇಖ. 4ನೆಯದು ಪೂರ್ತಿ ವ್ಯಂಗ್ಯ. ಅದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. 7ನೆಯದನ್ನು ತಂಗಿಗೆ ತೋರಿಸಿದೆ. "ಅಕ್ಕಾ, ಇದು ಉತ್ತರ ಅಲ್ಲ, ಅಫಿಡವಿಟ್ಟು" ಅಂದಳು. 11ರ ಹೊತ್ತಿಗೆ ನಾಲ್ಕು ಸಾಲಿಗೆ ಇಳಿದಿತ್ತು. ಆದರೂ ಎಲ್ಲೋ ಕಡಕಡ ಸದ್ದು. ಹುಡುಕಿದರೆ "ಆದರೆ" ಅಂತ ಒಂದು ಪದ ಉಳಿದಿತ್ತು. ನನ್ನ ಅನುಭವದಲ್ಲಿ ಕೆಟ್ಟ ಪಾರ್ಟುಗಳು ಮೂರು: ಆದರೆ, ಯಾಕಂದ್ರೆ, ನಿಜ ಹೇಳಬೇಕಂದ್ರೆ. ಇವನ್ನು ಕಿತ್ತರೆ ಅರ್ಧ ವಿವರಣೆ ತಾನಾಗಿ ಉದುರುತ್ತದೆ.

14ನೇ ಡ್ರಾಫ್ಟು: "7 ಗಂಟೆ ಸರಿ. ಸ್ವೆಟರ್ ನೀಲಿ ಬ್ಯಾಗಿನ ಹೊರ ಜೇಬಿನಲ್ಲಿದೆ."

ಎರಡನೇ ಸಾಲು ಇರಬೇಕೋ ಬೇಡವೋ ಅಂತ ಕೌನ್ಸೆಲರ್ ಜೊತೆ ಆಮೇಲೆ ಅರ್ಧ ಗಂಟೆ ವಾದ ಆಯಿತು. ಅವರು ಹೇಳಿದ್ದು ನನಗೆ ಹಿಡಿಸಿತು. "ಜೇಬಿನಲ್ಲಿದೆ" ಅನ್ನುವುದು ಚಳಿ ಆಗುತ್ತಿರುವ ಮಗುವಿಗೆ. "ಕಳಿಸಿದ್ದೆ" ಅನ್ನುವುದು ತಲೆಯೊಳಗಿನ ಜಡ್ಜಿಗೆ. ಸ್ವೆಟರ್ ಒಂದೇ, ಕ್ರಿಯಾಪದ ಬೇರೆ.

ಗೆದ್ದೆ ಅಂದುಕೊಂಡು ಕಳಿಸಿದೆ. ಇಲ್ಲಿಂದ ದೊಡ್ಡ ಸೋಲಿನ ಕಥೆ.

ಆ ರಾತ್ರಿ 23 ಮೆಸೇಜು ಬಂದವು. ಬರುತ್ತಿದ್ದ ಪ್ರತಿಕ್ರಿಯೆ ನಿಂತರೆ ಹಳೆಯ ವರ್ತನೆ ಮೊದಲು ಜಾಸ್ತಿಯಾಗಿ ಆಮೇಲೆ ಇಳಿಯಬಹುದು. ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅನ್ನುತ್ತಾರೆ. ಓದಿದ್ದೆ, ಗೊತ್ತಿತ್ತು, ಕಾಯುತ್ತಲೂ ಇದ್ದೆ. 16ರವರೆಗೆ ಕಲ್ಲಿನ ಹಾಗೆ ಕೂತೆ. 17ನೆಯದರಲ್ಲಿ ನಮ್ಮ ಅಮ್ಮನ ಹೆಸರು ಬಂತು. ತಗೋ, 4ನೇ ಡ್ರಾಫ್ಟಿನ ವ್ಯಂಗ್ಯವನ್ನೆಲ್ಲ ಬಿಸಿಬಿಸಿ ಕಳಿಸಿಬಿಟ್ಟೆ.

ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. 17 ಮೆಸೇಜು ಹಾಕಿದರೆ ಉತ್ತರ ಸಿಗುತ್ತದೆ ಅಂತ ನಾನೇ ಪಾಠ ಹೇಳಿಕೊಟ್ಟಿದ್ದೆ. ಇಷ್ಟು ವರ್ಷ ನಾನು ಹಕ್ಕಿ ಅಂದುಕೊಂಡಿದ್ದೆ. ಆ ರಾತ್ರಿ ಕಾಳು ಹಾಕುವ ಪೆಟ್ಟಿಗೆಯೂ ನಾನೇ ಆಗಿದ್ದೆ, ಅದೂ ಯಾವಾಗಲೋ ಒಮ್ಮೆ ಕಾಳು ಉದುರಿಸುವ, ಅತಿ ಕೆಟ್ಟ ಮಾದರಿಯ ಪೆಟ್ಟಿಗೆ.

ಆಮೇಲೆ ಕೆಲಸದ ವಿಧಾನ ಬದಲಾಯಿಸಿದೆ. ಡ್ರಾಫ್ಟು ಬರೆಯುವುದು ನೋಟ್‌ಬುಕ್ಕಿನಲ್ಲಿ, ಮೆಸೇಜ್ ಬಾಕ್ಸಿನಲ್ಲಲ್ಲ, ಬೆರಳು ಜಾರುತ್ತದೆ. ಭೇಟಿಯ ಸಮಯ ಅಥವಾ ಮಗಳ ಆರೋಗ್ಯ ಇದ್ದರೆ ಅಂದೇ ಉತ್ತರ, ಉಳಿದದ್ದಕ್ಕೆ ಒಂದು ದಿನ ಬಿಟ್ಟು, ಅದೂ ಬೇಕಾದರೆ ಮಾತ್ರ. ನೋಟಿಫಿಕೇಶನ್ ಆಫ್. ಬೆದರಿಕೆ ಬಂದರೆ ಮಾತ್ರ ಈ ಆಟ ಆಡಬೇಡಿ. ಅದನ್ನು ಅಳಿಸದೆ ನೇರ ವಕೀಲರಿಗೆ, ಪೊಲೀಸರಿಗೆ ಮುಟ್ಟಿಸಿ.

ಸಪ್ಲೈಯರುಗಳ ಬಗ್ಗೆ ಎರಡು ಮಾತು. ಕೌನ್ಸೆಲರ್ ಸಿಗುವುದು ಎರಡು ವಾರಕ್ಕೊಮ್ಮೆ, ಸಮಸ್ಯೆ ಬರುವುದು ಯಾವಾಗಲೂ ಮಧ್ಯದ ವಾರದಲ್ಲಿ. ನನ್ನ ವಕೀಲರು ಎಷ್ಟೇ ಉದ್ದದ ಮೇಲ್ ಬರೆದರೂ "ನೋಡೋಣ" ಅಂತಷ್ಟೇ ಬರೆಯುತ್ತಾರೆ. ಎರಡು ವರ್ಷ ಬೈದುಕೊಂಡೆ. ಬಿಫ್ ಕಲಿಯಲು ಇವರ ಹತ್ತಿರವೇ ಹೋಗಬಹುದಿತ್ತು. ಬಿಟ್ಟಿ ಸಲಹೆ ಸಪ್ಲೈ ಮಾಡುವವರದ್ದು ಮಾತ್ರ ಯಾವಾಗಲೂ ತಪ್ಪು ಸೈಜು. "ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲಮ್ಮ" ಅಂದರು ಒಬ್ಬ ಹಿರಿಯರು. "ಚಪ್ಪಾಳೆ ಆಗಲ್ಲ, ಕಪಾಳಕ್ಕೆ ಹೊಡೆಯೋಕೆ ಒಂದು ಕೈ ಸಾಕು" ಅನ್ನಬೇಕಿತ್ತು. ಹೊಳೆದಿದ್ದು ಬಸ್ಸು ಹತ್ತಿದ ಮೇಲೆ. ಇನ್ನು 21 ದಿನದಲ್ಲಿ ಅಭ್ಯಾಸ ಬದಲಾಗುತ್ತದೆ ಅಂತ ಮಾರುವವರು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ತಂಡ 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ಬಂದ ನಡುವಿನ ಲೆಕ್ಕ 66 ದಿನ. ಅಂದಾಜಿನ ವ್ಯಾಪ್ತಿ 18ರಿಂದ 254. ನಾನು 254ರ ಪಾರ್ಟಿ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಬೈದುಕೊಳ್ಳುತ್ತಿರಲಿಲ್ಲ.

ಮಧ್ಯೆ ಮುಂದಿನ ಪ್ರಾಜೆಕ್ಟು ತಲೆ ತಿನ್ನುತ್ತಿದೆ, ಹೇಳದೆ ಇರಲಾರೆ. ನನಗೆ ಏನು ಇಷ್ಟ ಅಂತ ನನಗೆ ಗೊತ್ತಿಲ್ಲ. ತಮಾಷೆಯಲ್ಲ. ಹಾಸಿಗೆಯ ಯಾವ ಬದಿ ಇಷ್ಟ, ಫ್ಯಾನ್ ಎಷ್ಟರಲ್ಲಿ ಇಷ್ಟ, ಒಂದೂ ಗೊತ್ತಿಲ್ಲ. ಎಲ್ಲ ಸೆಟ್ಟಿಂಗೂ ಬೇರೆಯವರು ಇಟ್ಟಿದ್ದು. ಒಂದೊಂದನ್ನೇ ಒಂದೊಂದು ವಾರ ಪರೀಕ್ಷೆ ಮಾಡಬೇಕು ಅಂತಿದ್ದೇನೆ. ಫ್ಯಾನಿನದು ಮುಗಿದಿದೆ: 3. ಗೋಡೆಯ ಬಣ್ಣಕ್ಕೆ ನಾಲ್ಕು ಸ್ಯಾಂಪಲ್ ಬಳಿದು ಒಂದು ತಿಂಗಳು ನೋಡುತ್ತಾ ಕೂತೆ. ಕೊನೆಗೆ ಹಳದಿ. ಮದುವೆಯ ಮನೆಯಲ್ಲಿ ಹಳದಿಗೆ ಜಾಗ ಇರಲಿಲ್ಲ, ಅದು ಹಳ್ಳಿ ಗುಗ್ಗುಗಳ ಬಣ್ಣವಂತೆ.

ಮಂಗಳವಾರ ಪೇಂಟರ್ ಬಂದರು. ಡಬ್ಬ ನೋಡಿ, "ಯಾಕೆ ಮೇಡಂ, ಇಷ್ಟು ಗಾಢ ಹಳದಿ?" ಅಂದರು.

ಬಾಯಿ ತೆರೆದೆ. ಬೆಳಕು ಕಡಿಮೆ ಬರುವ ರೂಮು, ಮಗಳಿಗೂ ಇಷ್ಟ, ತಿಂಗಳು ಯೋಚನೆ ಮಾಡಿದ್ದೇನೆ, ಎಲ್ಲ ಸಾಲಾಗಿ ನಾಲಿಗೆ ಮೇಲೆ ನಿಂತಿದ್ದವು. ಹೊರಗೆ ಬಂದಿದ್ದು ಒಂದೇ: "ಸುಮ್ನೆ."

"ಸರಿ" ಅಂದು ಅವರು ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿಸಿದರು. ನಾನು ಹಿಂದೆಯೇ ನಿಂತಿದ್ದೆ. "ಸುಮ್ನೆ ಅಂದ್ರೆ ಏನು?" ಅಂತ ಕೇಳುತ್ತಾರೆ ಅಂತ ಐದು ನಿಮಿಷ ಕಾದೆ. ಅವರು ತಿರುಗಿ ಕೇಳಿದ್ದು ಏಣಿ ಎಲ್ಲಿದೆ ಅಂತ.

ಎದುರು ಪಾರ್ಟಿಯಿಂದ ಕಳೆದ ಶನಿವಾರ 9 ಮೆಸೇಜು. ಉತ್ತರ ಒಂದು, ಸಮಯದ ಬಗ್ಗೆ. 17ನ್ನು ದಾಟುವ ಪರೀಕ್ಷೆ ಇನ್ನೂ ಬಂದಿಲ್ಲ, ಬರುತ್ತದೆ.

ಎರಡನೇ ಕೋಟ್ ಬಣ್ಣ ಬಳಿಯಲು ನಿನ್ನೆ ಬರುತ್ತೇನೆ ಅಂದಿದ್ದ ಪೇಂಟರ್ ಬರಲಿಲ್ಲ. ಸಂಜೆ ಐದು ಮೆಸೇಜು ಹಾಕಿದ್ದರು: ಗಾಡಿ ಕೆಟ್ಟಿದ್ದು, ಮೆಕ್ಯಾನಿಕ್ ಸಿಗದಿದ್ದು, ಗಾಡಿಯ ಫೋಟೋ, ಮೆಕ್ಯಾನಿಕ್ ಅಂಗಡಿ ಬಾಗಿಲು ಹಾಕಿದ ಫೋಟೋ, ಮತ್ತೆ ಸಾರಿ. ಪಾಪ, ಯಾರ ಮನೆಯಲ್ಲಿ ಕೆಲಸ ಮಾಡಿ ಬಂದಿದ್ದಾರೋ. "ಪರವಾಗಿಲ್ಲ, ನಾಳೆ ಬನ್ನಿ" ಅಂತ ಬರೆದೆ. ಗೋಡೆ ಈಗ ಅರ್ಧ ಹಳದಿ ಇದೆ.