ಬಾರ್‌ಕೋಡ್‌ಗೆ ಬೆಲೆ ಗೊತ್ತಿಲ್ಲ, ಟ್ಯಾಗ್‌ಗೆ ಬಿಲ್ ಗೊತ್ತಿಲ್ಲ

ಒಂದೇ ಕಂಪನಿಯ ಎರಡು ಸೋಪು. ಹಳೆ ಸ್ಟಾಕಿನ ಎಂಆರ್‌ಪಿ 38 ರೂ., ಹೊಸದು 42 ರೂ. ಗೆರೆಗಳ ಕೆಳಗಿನ 13 ಅಂಕಿ ಮಾತ್ರ ಎರಡರಲ್ಲೂ ಒಂದೇ. ತುಮಕೂರಿನ ಮಂಡಿಪೇಟೆ ಕಡೆ ದಿನಸಿ ಅಂಗಡಿಯನ್ನು ಕಂಪ್ಯೂಟರ್ ಬಿಲ್ಲಿಗೆ ತರುವವರು ಮೊದಲ ವಾರದಲ್ಲೇ ಎದುರಿಸುವ ಪ್ರಶ್ನೆ ಇದು: ಸ್ಕ್ಯಾನ್ ಮಾಡಿದರೆ ಯಾವ ಬೆಲೆ ಬರಬೇಕು?

ಸ್ಕ್ಯಾನರ್ ಓದುವುದು ನಂಬರನ್ನು ಮಾತ್ರ. ಬೆಲೆ ಇರುವುದು ನಿಮ್ಮ ಐಟಂ ಮಾಸ್ಟರ್‌ನಲ್ಲಿ, ಅಂದರೆ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಮಾಲಿನ ಪಟ್ಟಿಯಲ್ಲಿ. ಸಾಫ್ಟ್‌ವೇರ್‌ನಲ್ಲಿ ಒಂದು ನಂಬರಿಗೆ ಒಂದೇ ಬೆಲೆ ಇಟ್ಟಿದ್ದರೆ, ಹೊಸ ಬೆಲೆ ಹಾಕಿದ ದಿನವೇ ಹಳೆ ಸೋಪನ್ನು ಎಂಆರ್‌ಪಿಗಿಂತ 4 ರೂ. ಹೆಚ್ಚಿಗೆ ಮಾರಿದ ಹಾಗಾಗುತ್ತದೆ. ಅದು ಕಾನೂನಿಗೂ ತಪ್ಪು, ಗಿರಾಕಿಗೂ ಮೋಸ. ಆದ್ದರಿಂದ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ: ಒಂದೇ ಬಾರ್‌ಕೋಡಿಗೆ ಎರಡು ಎಂಆರ್‌ಪಿ ಸೇರಿಸಿ, ಸ್ಕ್ಯಾನ್ ಮಾಡಿದಾಗ "ಯಾವುದು?" ಅಂತ ಚಿಕ್ಕ ಪಟ್ಟಿ ತೆರೆಯುತ್ತದಾ ನೋಡಿ. ತೆರೆಯದಿದ್ದರೆ ಆ ಸಾಫ್ಟ್‌ವೇರ್ ನಮ್ಮ ದಿನಸಿ ವ್ಯಾಪಾರಕ್ಕೆ ಆಗುವುದಿಲ್ಲ.

890ರಿಂದ ಶುರುವಾದರೆ ಭಾರತದ ಮಾಲು ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತದೆ. ಆ ನಂಬರನ್ನು ಬಾರ್‌ಕೋಡ್ ನಂಬರು ಹಂಚುವ ಸಂಸ್ಥೆ ಜಿಎಸ್1 ಇಂಡಿಯಾ ಕೊಟ್ಟಿದೆ ಎಂಬುದಷ್ಟೇ ಅದರ ಅರ್ಥ. ಮಾಲು ಎಲ್ಲಿ ತಯಾರಾಯಿತು ಅನ್ನುವುದು ಅದರಿಂದ ತಿಳಿಯುವುದಿಲ್ಲ. ಇನ್ನೊಂದು ಮಾತು: ಐಟಂ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಯಾರಿಸುವವರು ಬಾರ್‌ಕೋಡ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಬೇಕು. ಮರೆತರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ, ಸಿಎಸ್‌ವಿ ಮಾಡಿ ಸೇವ್ ಮಾಡಿದಾಗ ಹಿಂದಿನ ಅಂಕಿಗಳೂ ಸೊನ್ನೆಯಾಗುತ್ತವೆ. ಆಮೇಲೆ ಅಂಗಡಿಯ ಅರ್ಧ ಮಾಲು "ಐಟಂ ಇಲ್ಲ" ಅನ್ನುತ್ತದೆ, ಬೈಗುಳ ಮಾತ್ರ ಸ್ಕ್ಯಾನರ್‌ಗೆ.

ನಾವೇ ಪ್ಯಾಕ್ ಮಾಡುವ ತೊಗರಿಬೇಳೆ, ರಾಗಿಹಿಟ್ಟು, ಹುಣಸೆಹಣ್ಣು, ಕಡಲೆಬೀಜಕ್ಕೆ ಯಾರೂ ನಂಬರು ಕೊಟ್ಟಿರುವುದಿಲ್ಲ. ಅಂಗಡಿಯೊಳಗೇ ಬಳಸಲೆಂದು 20ರಿಂದ 29ರವರೆಗಿನ ಆರಂಭಗಳನ್ನು ಬಿಟ್ಟುಕೊಟ್ಟಿದ್ದಾರೆ. ಲೇಬಲ್ ಹೊಡೆಯುವ ತಕ್ಕಡಿಗಳು ಬಳಸುವುದು ಇವನ್ನೇ. ಒಂದನ್ನು ಬಿಡಿಸಿ ನೋಡೋಣ: 2100045012506. ಮೊದಲ 21 ಅಂದರೆ ಈ ಅಂಗಡಿಯ ಸೆಟ್ಟಿಂಗಿನಲ್ಲಿ ತೂಕದ ಮಾಲು. ಮುಂದಿನ 00045 ಬೇಳೆಯ ಕೋಡ್. ಆಮೇಲಿನ 01250 ಗ್ರಾಂ ಲೆಕ್ಕದ ತೂಕ, ಅಂದರೆ ಒಂದೂಕಾಲು ಕೆಜಿ. ಕೊನೆಯ 6 ತಾಳೆಯ ಅಂಕಿ, ಉಳಿದ ಅಂಕಿಗಳನ್ನು ಸರಿಯಾಗಿ ಓದಿದೆಯಾ ಎಂದು ನೋಡಲು. ಅದನ್ನು ಕೈಯಲ್ಲೇ ತೆಗೆಯಬಹುದು: ಎಡದಿಂದ 1, 3, 5, 7, 9, 11ನೇ ಸ್ಥಾನದ ಅಂಕಿಗಳ ಮೊತ್ತ 13; 2, 4, 6, 8, 10, 12ನೇ ಸ್ಥಾನದವುಗಳ ಮೊತ್ತ 7, ಅದರ ಮೂರು ಪಟ್ಟು 21. ಎರಡೂ ಸೇರಿ 34. ಮುಂದಿನ ಹತ್ತರ ಗುಣಕವಾದ 40ಕ್ಕೆ ಬೇಕಾದದ್ದು 6.

ಎಡವಟ್ಟಾಗುವುದು ನಡುವಿನ ಐದು ಅಂಕಿಯಲ್ಲಿ. ತಕ್ಕಡಿ ಅಲ್ಲಿ ತೂಕ ಬರೆದಿರುತ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಅದನ್ನು ಬೆಲೆ ಅಂತ ಸೆಟ್ ಮಾಡಿರುತ್ತಾರೆ. ಆಗ ಒಂದೂಕಾಲು ಕೆಜಿ ಬೇಳೆ 12 ರೂಪಾಯಿ 50 ಪೈಸೆಗೆ ಬಿಲ್ ಆಗುತ್ತದೆ. ಬೀಪ್ ಸರಿಯಾಗಿಯೇ ಬರುತ್ತದೆ, ತಾಳೆಯ ಅಂಕಿಯೂ ಸರಿಯಿರುತ್ತದೆ, ಯಂತ್ರ ಎಲ್ಲೂ ದೂರುವುದಿಲ್ಲ. ತಕ್ಕಡಿ ಕೂರಿಸಿದ ದಿನ ಮೂರು ಬೇರೆ ಬೇರೆ ತೂಕದ ಪ್ಯಾಕೆಟ್ ಮಾಡಿ, ಬಿಲ್ ಹಾಕಿ, ಕಾಗದದ ಮೇಲೆ ಗುಣಿಸಿ ತಾಳೆ ನೋಡಿಯೇ ವ್ಯಾಪಾರ ಶುರು ಮಾಡಬೇಕು.

ಇನ್ನು ಲೇಬಲ್ ಮುದ್ರಣ. ಸ್ಕ್ಯಾನರ್ ಓದುತ್ತಿಲ್ಲ ಅನ್ನುವ ದೂರುಗಳಲ್ಲಿ ಹೆಚ್ಚಿನವು ಮುಗಿಯುವುದು ಪ್ರಿಂಟರ್ ಹತ್ತಿರ. ಸಾಮಾನ್ಯ ಲೇಬಲ್ ಪ್ರಿಂಟರ್ 203 ಡಿಪಿಐ, ಅಂದರೆ ಮಿಲಿಮೀಟರಿಗೆ 8 ಚುಕ್ಕಿ. ಅದು ಅರ್ಧ ಚುಕ್ಕಿ ಹೊಡೆಯಲಾರದು. 13 ಅಂಕಿಯ ಕೋಡಿಗೆ ಎರಡೂ ಕಡೆಯ ಖಾಲಿ ಜಾಗ ಸೇರಿ 113 ಪಾಲು ಅಗಲ ಬೇಕು; ಪಾಲು ಅಂದರೆ ಅತಿ ತೆಳು ಗೆರೆಯ ಅಗಲ. ಪಾಲಿಗೆ 3 ಚುಕ್ಕಿ ಕೊಟ್ಟರೆ 42.4 ಮಿ.ಮೀ., 2 ಚುಕ್ಕಿಯಾದರೆ 28.25 ಮಿ.ಮೀ. ಆದ್ದರಿಂದ 50 ಮಿ.ಮೀ. ಅಗಲದ ಲೇಬಲ್ಲಿನಲ್ಲಿ 3 ಚುಕ್ಕಿ ಆರಾಮಾಗಿ ಕೂರುತ್ತದೆ, 38ರದ್ದರಲ್ಲಿ 2 ಚುಕ್ಕಿ ಮಾತ್ರ. 2 ಚುಕ್ಕಿ ಅಂದರೆ ಪಾಲಿಗೆ 0.25 ಮಿ.ಮೀ.; ಇದು ಮಾನದಂಡದ ಮಾಮೂಲಿ ಅಳತೆ 0.33ರ ಶೇ. 80ಕ್ಕಿಂತಲೂ ಕಡಿಮೆ. ನಿಮ್ಮ ಅಂಗಡಿಯ ಸ್ಕ್ಯಾನರ್ ಓದೀತು, ಆದರೆ ಬೇರೆ ಅಂಗಡಿಗೆ ಸರಬರಾಜು ಮಾಡುವ ಮಾಲಿಗೆ ಬೇಡ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮೂಲೆ ಹಿಡಿದು ಎಳೆದು ಬಾರ್‌ಕೋಡ್ ಹಿಗ್ಗಿಸುವುದಂತೂ ಬೇಡವೇ ಬೇಡ. ಎರಡೂವರೆ ಚುಕ್ಕಿಯ ಗೆರೆ ಒಂದು ಕಡೆ 2, ಇನ್ನೊಂದು ಕಡೆ 3 ಆಗಿ ಬೀಳುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಸ್ಕ್ಯಾನರ್ ಆಗಾಗ ತಡವರಿಸುತ್ತದೆ.

ರಿಬ್ಬನ್ (ಶಾಯಿ ಪಟ್ಟಿ) ಇಲ್ಲದೆ, ಶಾಖಕ್ಕೇ ಕಪ್ಪಾಗುವ ಥರ್ಮಲ್ ಲೇಬಲ್ ಅಗ್ಗ, ನಿಜ. ಆದರೆ ಬಿಸಿಲು, ಶಾಖ, ಎಣ್ಣೆ ಮೂರೂ ಅದಕ್ಕೆ ಆಗುವುದಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ ಮುಂದಿನ ರ‍್ಯಾಕಿನಲ್ಲಿ, ಏಪ್ರಿಲ್ ಬಿಸಿಲಿಗೆ, ಅಕ್ಷರ ಬೂದಿ ಬಣ್ಣಕ್ಕೆ ತಿರುಗುತ್ತದೆ. ತಿಪಟೂರು ಕೊಬ್ಬರಿ ಎಣ್ಣೆ ಬಾಟಲಿಗೂ ಅದನ್ನು ಅಂಟಿಸಬೇಡಿ. ಕೈಯೆಣ್ಣೆ ತಾಗಿದ ಕಡೆ ಗೆರೆ ಮಾಸುತ್ತದೆ. ಅಲ್ಲಿಗೆ ರಿಬ್ಬನ್ ಪ್ರಿಂಟೇ ಸರಿ: ಕಾಗದಕ್ಕೆ ವ್ಯಾಕ್ಸ್ ರಿಬ್ಬನ್, ಪ್ಲಾಸ್ಟಿಕ್ ಲೇಬಲ್ಲಿಗೆ ರೆಸಿನ್. ಸಣ್ಣ ಬಾಟಲಿಗೆ ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಬರುವಂತೆ ಅಂಟಿಸಿ. ನಿಲ್ಲಿಸಿ ಅಂಟಿಸಿದರೆ ಅಂಚಿನ ಗೆರೆಗಳು ಬಾಟಲಿಯ ಬೆನ್ನಿಗೆ ಹೋಗುತ್ತವೆ.

ಹುಣಸೆಹಣ್ಣಿನ ಪಾರದರ್ಶಕ ಕವರಿನ ಮೇಲೆ ನೇರವಾಗಿ ಕಪ್ಪು ಗೆರೆ ಮುದ್ರಿಸಿದವರಿದ್ದಾರೆ. ಖಾಲಿ ಕವರ್ ಬಿಳಿ ಹಾಳೆಯ ಮೇಲಿಟ್ಟಾಗ ಅದು ಓದುತ್ತದೆ. ಹಣ್ಣು ತುಂಬಿದ ಮೇಲೆ ಗೆರೆಯ ನಡುವಿನ ಜಾಗವೂ ಕಪ್ಪೇ. ಗೆರೆಗೆ ಬಿಳಿ ಹಿನ್ನೆಲೆ ಹಾಕಿಸಲೇಬೇಕು. ಕೆಂಪು ಗೆರೆಯೂ ಆಗುವುದಿಲ್ಲ. ಕೆಂಪು ಬೆಳಕಿನ ಸ್ಕ್ಯಾನರ್‌ಗೆ ಕೆಂಪು ಕಂಡರೂ ಒಂದೇ, ಬಿಳಿ ಕಂಡರೂ ಒಂದೇ.

ಲೇಬಲ್ಲಿನುದ್ದಕ್ಕೂ ಒಂದೇ ಜಾಗದಲ್ಲಿ ಸಣ್ಣ ಬಿಳಿ ಗೀಟು ಬಂದರೆ ಪ್ರಿಂಟರಿನ ಮುದ್ರಿಸುವ ಹೆಡ್ಡಿನಲ್ಲಿ ಕೊಳೆ ಕೂತಿದೆ, ಇಲ್ಲವೇ ಒಂದು ಚುಕ್ಕಿ ಸತ್ತಿದೆ. ಪ್ರಿಂಟರ್ ಆಫ್ ಮಾಡಿ, ಆರಿದ ಮೇಲೆ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಆಮೇಲೂ ಹೋಗದಿದ್ದರೆ ಬಾರ್‌ಕೋಡನ್ನು 90 ಡಿಗ್ರಿ ತಿರುಗಿಸಿ. ಗೀಟು ಎಲ್ಲ ಗೆರೆಗಳನ್ನೂ ಅಡ್ಡ ಹಾಯುತ್ತದೆ, ಒಂದೇ ಗೆರೆಯನ್ನು ಪೂರ್ತಿ ನುಂಗುವುದಿಲ್ಲ, ಹೊಸ ಹೆಡ್ ಬರುವವರೆಗೆ ಕೆಲಸ ನಡೆಯುತ್ತದೆ.

ಸ್ಕ್ಯಾನರ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕಂಪ್ಯೂಟರಿನ ಲೆಕ್ಕಕ್ಕೆ ಅದೊಂದು ಕೀಬೋರ್ಡ್. ನೋಟ್‌ಪ್ಯಾಡ್ ತೆರೆದು ಸ್ಕ್ಯಾನ್ ಮಾಡಿ: ನಂಬರು ಬಂದು ಕರ್ಸರ್ ಕೆಳಗಿನ ಸಾಲಿಗೆ ಹೋದರೆ ಸ್ಕ್ಯಾನರ್ ಸರಿಯಿದೆ, ತಪ್ಪು ಸಾಫ್ಟ್‌ವೇರ್‌ನದ್ದು. ನಂಬರು ಬಂದು ಕರ್ಸರ್ ಅಲ್ಲೇ ನಿಂತರೆ ಕೊನೆಯ ಎಂಟರ್ ಆಫ್ ಆಗಿದೆ. ಜೊತೆಗೆ ಬಂದ ಪುಸ್ತಕದಲ್ಲಿರುವ ಎಂಟರ್ ಸೆಟ್ಟಿಂಗ್ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿದರೆ ಸಾಕು. ಆ ಪುಸ್ತಕ ಬಿಸಾಡಬೇಡಿ.

ಈಗ ಬಾಗಿಲ ಗೇಟು, ಅಂದರೆ ಮಾಲಿನ ಮೇಲಿನ ಕಳವು ತಡೆ ಟ್ಯಾಗ್ ನಡುವೆ ಹಾದರೆ ಕೂಗುವ ಗೇಟು. ಎರಡು ಜಾತಿಯಿವೆ: 8.2 ಮೆಗಾಹರ್ಟ್ಸ್‌ನ ಆರ್‌ಎಫ್ (ರೇಡಿಯೋ ತರಂಗದ್ದು), 58 ಕಿಲೋಹರ್ಟ್ಸ್‌ನ ಎಎಂ (ಅಕೌಸ್ಟೋ-ಮ್ಯಾಗ್ನೆಟಿಕ್). ಒಂದರ ಟ್ಯಾಗ್ ಇನ್ನೊಂದರ ಗೇಟಿಗೆ ಕೇಳಿಸುವುದಿಲ್ಲ, ಆದ್ದರಿಂದ ಟ್ಯಾಗ್ ತರಿಸುವಾಗ ಇದನ್ನು ಮೊದಲು ಕೇಳಿ. ಆರ್‌ಎಫ್ ಸ್ಟಿಕ್ಕರಿನೊಳಗೆ ಇರುವುದು ಸುರುಳಿ ಮತ್ತು ಕೆಪಾಸಿಟರ್. ಟ್ಯಾಗ್ ಆರಿಸಲು, ಅಂದರೆ ಅದರ ಕೆಲಸ ನಿಲ್ಲಿಸಲು, ಕೌಂಟರಿನಲ್ಲಿ ಇಡುವ ಪ್ಯಾಡ್ ಆ ಕೆಪಾಸಿಟರನ್ನು ಸುಟ್ಟುಬಿಡುತ್ತದೆ, ಅಲ್ಲಿಗೆ ಟ್ಯಾಗ್ ಮೌನ. ಎಎಂ ಸ್ಟಿಕ್ಕರಿನ ಉಬ್ಬಿದ ಗೂಡಿನೊಳಗೆ ಲೋಹದ ಸಣ್ಣ ಪಟ್ಟಿ ಕಂಪಿಸುತ್ತದೆ, ಪಕ್ಕದ ಪಟ್ಟಿಯ ಕಾಂತ ತೆಗೆದರೆ ಅದು ಶ್ರುತಿ ತಪ್ಪುತ್ತದೆ. ಆ ಗೂಡನ್ನು ಒತ್ತಿ ಚಪ್ಪಟೆ ಮಾಡಿದರೂ, ಆರ್‌ಎಫ್ ಸ್ಟಿಕ್ಕರನ್ನು ಮಡಿಚಿದರೂ ಟ್ಯಾಗ್ ದಂಡ. ಆರ್‌ಎಫ್ ಸ್ಟಿಕ್ಕರನ್ನು ಟೀ ಪುಡಿಯ ಫಾಯಿಲ್ ಪ್ಯಾಕೆಟ್, ತುಪ್ಪದ ತಗಡಿನ ಡಬ್ಬಿಗೆ ಅಂಟಿಸಿದರೆ ಲೋಹ ಅದನ್ನು ಮುಚ್ಚಿಹಾಕುತ್ತದೆ.

ಟ್ಯಾಗಿಗೆ ಬಿಲ್ ಆಗಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಸ್ಕ್ಯಾನ್ ಒಂದು ಕೈಚಲನೆ, ಟ್ಯಾಗ್ ಆರಿಸುವುದು ಇನ್ನೊಂದು ಆದರೆ, ಯುಗಾದಿ ಹಿಂದಿನ ದಿನದ ರಷ್ಷಿನಲ್ಲಿ ಎರಡನೆಯದು ಬಿಟ್ಟುಹೋಗುವುದು ಖಂಡಿತ. ಆಗ ದುಡ್ಡು ಕೊಟ್ಟ ಮನುಷ್ಯ ನಾಲ್ಕು ಜನರ ಮುಂದೆ ಬಾಗಿಲಲ್ಲಿ ನಿಲ್ಲಬೇಕು. ಇದನ್ನು ಸಣ್ಣ ವಿಷಯ ಅನ್ನಲು ನಮಗೆ ಮನಸ್ಸಿಲ್ಲ. ಸ್ಟಿಕ್ಕರನ್ನು ಬಾರ್‌ಕೋಡ್ ಇರುವ ಮುಖದಲ್ಲೇ, ಅದರ ಪಕ್ಕ ಅಂಟಿಸಿ. ಪ್ಯಾಡನ್ನು ಸ್ಕ್ಯಾನರ್ ಕೆಳಗೇ ಕೂರಿಸಿ. ಒಂದೇ ಎಳೆತಕ್ಕೆ ಎರಡೂ ಆಗುತ್ತದೆ. ಗೇಟ್ ಕೂಗಿದರೆ ಹುಡುಗರು ಹೇಳಬೇಕಾದ ಮಾತನ್ನೂ ಕಲಿಸಿ: "ಅಣ್ಣ, ನಮ್ಮಿಂದ ಟ್ಯಾಗ್ ತೆಗೆಯೋದು ಬಿಟ್ಟುಹೋಗಿದೆ, ಒಂದ್ನಿಮಿಷ ಕೊಡಿ." ಬ್ಯಾಗಿಗೆ ಕೈ ಹಾಕುವುದು ಆಮೇಲೂ ಅವರ ಕೆಲಸವಲ್ಲ.

ಬಟ್ಟೆ ಅಂಗಡಿಯ ಗಟ್ಟಿ ಟ್ಯಾಗಿನ ಪಿನ್ನನ್ನು ರೆಡಿಮೇಡಿನಲ್ಲಿ ಹೊಲಿಗೆಯ ಸಾಲಿನಲ್ಲೇ ಚುಚ್ಚಿ. ರೇಷ್ಮೆ ಸೀರೆಗೆ ಪಿನ್ ಬೇಡ, ಎಳೆ ಕಿತ್ತು ತೂತು ಉಳಿಯುತ್ತದೆ. ದಾರದ ಟ್ಯಾಗನ್ನು ಮಡಿಕೆಯ ಸುತ್ತ ಹಾಕಿ. ಟ್ಯಾಗ್ ಬಿಚ್ಚುವ ಅಯಸ್ಕಾಂತವನ್ನು ಕೌಂಟರಿಗೆ ಸ್ಕ್ರೂ ಹಾಕಿ ಬಿಗಿಯಿರಿ, ಸುಮ್ಮನೆ ಇಟ್ಟರೆ ಅದೇ ಮೊದಲು ಕಳುವಾಗುತ್ತದೆ. ಪೇಸ್‌ಮೇಕರ್ ಇರುವವರು ಅದರ ಹತ್ತಿರ ಕೂರಬಾರದು.

ಕರೆಂಟ್ ಹೋದಾಗ ಮಾತ್ರ ಗೇಟ್ ಸುಮ್ಮಸುಮ್ಮನೆ ಕೂಗುತ್ತದೆ ಅಂದರೆ ಇನ್ವರ್ಟರ್ ನೋಡಿ. ಎಎಂ ಗೇಟ್ ತನ್ನ ತಾಳವನ್ನು 50 ಹರ್ಟ್ಸ್ ಕರೆಂಟಿನಿಂದ ಹಿಡಿಯುತ್ತದೆ, ಚೌಕದ ಅಲೆಯ ಇನ್ವರ್ಟರ್‌ನಲ್ಲಿ ಅದು ತಪ್ಪುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಬೇಕು. ಅಗ್ಗದ ಎಲ್‌ಇಡಿ ಡ್ರೈವರ್, ಗೇಟಿಗೆ ಒತ್ತಿಕೊಂಡಿರುವ ರೋಲಿಂಗ್ ಶಟರ್ ಇವೂ ತೊಂದರೆ ಕೊಡುತ್ತವೆ. ಒಂದೊಂದೇ ದೀಪ ಆರಿಸುತ್ತಾ ಬಂದರೆ ಯಾವುದು ಅಂತ ಸಿಗುತ್ತದೆ.

ಬೆಳಿಗ್ಗೆ ಶಟರ್ ಎತ್ತಿದ ಮೇಲೆ, ಆರಿಸದ ಒಂದು ಟ್ಯಾಗ್ ಹಿಡಿದು ಗೇಟಿನ ನಡುವೆ ಮೂರು ಸಲ ನಡೆಯಿರಿ: ಕಣಕಾಲಿನ ಎತ್ತರ, ಸೊಂಟ, ಎದೆ. ಪ್ರತಿ ಸಲವೂ ಟ್ಯಾಗನ್ನು ಬೇರೆ ದಿಕ್ಕಿಗೆ ತಿರುಗಿಸಿ. ಆಮೇಲೆ ಅದೇ ಟ್ಯಾಗನ್ನು ಪ್ಯಾಡಿನ ಮೇಲೆ ಎಳೆದು ಮತ್ತೆ ನಡೆಯಿರಿ, ಈ ಸಲ ಗೇಟ್ ಕೂಗಬಾರದು.